ಎಲ್ಲ ಕಡೆ ಬದಲಾಯಿಸು

ಆಗ ನಾರಾಯಣಪೇಟೆಯಲ್ಲಿ ವೆಬ್‌ಸೈಟ್ ಮಾಡಿಕೊಡುವವಳು ನನಗೆ ಗೊತ್ತಿದ್ದಂತೆ ನಾನೊಬ್ಬಳೇ. ಹಿಟ್ಟಿನ ಗಿರಣಿಯ ಮೇಲಿನ ಕೋಣೆ ನನ್ನ ಆಫೀಸು. ಕೆಳಗೆ ಗಿರಣಿ ಶುರುವಾದರೆ ಮೇಲೆ ಮೇಜು ನಡುಗಿ ಮೌಸ್ ತಾನಾಗಿಯೇ ಸರಿಯುತ್ತಿತ್ತು. ಅದರ ಕಾಟ ತಾಳದೆ ಕೀಬೋರ್ಡಿನಲ್ಲೇ ಎಲ್ಲ ಮಾಡುವುದನ್ನು ಕಲಿತೆ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಶಾರ್ಟ್‌ಕಟ್‌ಗಳ ವಿಷಯದಲ್ಲಿ ನನಗೆ ಬಹಳ ಜಂಬವಿತ್ತು.

ಬೆರಳಿನ ವೇಗ ಮಕ್ತಲ್‌ನ ಟೈಪಿಂಗ್ ಕ್ಲಾಸಿನಲ್ಲಿ ಬಂದದ್ದು. ಅಲ್ಲಿಯ ಮಾಸ್ತರರು ನಮ್ಮ ಕೈಗಳ ಮೇಲೆ ಒಂದು ಟವೆಲ್ ಹೊದಿಸಿ, ಕೀಲಿ ನೋಡದೆ ಹೊಡೆಯಲು ಹೇಳುತ್ತಿದ್ದರು. ಟವೆಲಿನಡಿಯಿಂದ ಹೊರಬಂದ ಕೈಗೆ ಕಂಪ್ಯೂಟರ್ ಸಿಕ್ಕಾಗ ಅದನ್ನು ಹಿಡಿಯುವವರೇ ಇರಲಿಲ್ಲ. ಯಾರಾದರೂ ಅಪ್ಪಿತಪ್ಪಿ ಬ್ರೌಸರಿನ ಪುಟ ಮುಚ್ಚಿಕೊಂಡು ಮುಖ ಸಣ್ಣ ಮಾಡಿದರೆ ನಾನು ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ ಆ ಪುಟವನ್ನು ಮರಳಿ ತರುತ್ತಿದ್ದೆ. ನೋಡಿದವರು ಕೈಮುಗಿಯುವುದೊಂದು ಬಾಕಿ. ಕಂಟ್ರೋಲ್-ಎಚ್ ನನ್ನ ಅತ್ಯಂತ ಪ್ರೀತಿಯದು. ಒಂದು ಪದ ಹುಡುಕಿ, ಅದರ ಜಾಗದಲ್ಲಿ ಇನ್ನೊಂದನ್ನು ಇಡುವ ಕೀಲಿ ಅದು. ಒತ್ತಿದರೆ ತೆರೆಯುವ ಪೆಟ್ಟಿಗೆಯಲ್ಲೇ ‘ಎಲ್ಲ ಕಡೆ ಬದಲಾಯಿಸು’ ಎಂಬ ಗುಂಡಿ ಇರುತ್ತದೆ. ನೂರು ಜನರ ಕೆಲಸವನ್ನು ಒಂದು ಬೆರಳು ಮಾಡುತ್ತದೆ ಎಂದು ನಾನು ಎಷ್ಟು ಮಂದಿಗೆ ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ.

ಗದ್ವಾಲದ ಒಬ್ಬ ಸೀರೆ ಸಾಹುಕಾರರಿಗೆ ನಾನು ಇಂಗ್ಲಿಷಿನಲ್ಲಿ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಅರವತ್ತು ದಾಟಿದವರು, ಹಣೆ ತುಂಬ ವಿಭೂತಿ, ರಾಯಚೂರು ಕಡೆಯ ಮನೆತನ. ತೆಲಂಗಾಣ ಚಳವಳಿಯ ದಿನಗಳಲ್ಲಿ ತಮ್ಮ ಸ್ಕೂಟರಿನ ನಂಬರ್ ಪ್ಲೇಟಿನಲ್ಲಿ ಆಂಧ್ರದ ಎಪಿ ಅಳಿಸಿ ಟಿಜಿ ಎಂದು ಬರೆಸಿದ್ದರು. ರಾಜ್ಯ ಬಂದ ಮೇಲೆ ಸರ್ಕಾರ ಟಿಎಸ್ ಎಂದಿತು. ಅವರು ಜಿ ಮೇಲೆಯೇ ಎಸ್ ಬರೆಸಿದರು. ಎರಡೂ ಕೂಡಿ ಎಂಟರಂತೆ ಕಾಣುತ್ತಿತ್ತು.

ರಾಜ್ಯ ಬಂದ ವಾರದೊಳಗೆ ಅವರ ಫೋನ್ ಬಂತು.

‘ಯವ್ವಾ, ರಾಜ್ಯ ಬದಲಾತು. ನಮ್ಮ ವೆಬ್‌ಸೈಟ್ ಇನ್ನಾ ಆಂಧ್ರದಾಗ ಕುಂತೈತಿ.’

‘ಬದಲಾಯಿಸ್ತೀನ್ರಿ ಸಾವುಕಾರ್ರೆ. ಎರಡು ದಿನ ಕೊಡ್ರಿ.’

‘ಎರಡು ದಿನ ಯಾಕ ಬೇಕು? ಅಂಗಡಿ ಬೋರ್ಡ್ ಬರಿಯಾವ ಒಂದು ತಾಸಿನ್ಯಾಗ ಮುಗಿಸಿ ಹೋದ. ಅವನ ಕೈಯಾಗ ಬರೇ ಕುಂಚ ಇತ್ತು. ನಿನ್ನ ಕೈಯಾಗ ಕಂಪ್ಯೂಟರ್ ಐತಿ.’

ಈ ಮಾತು ನನಗೆ ನೇರ ಎದೆಗೆ ತಾಗಿತು. ಬೋರ್ಡ್ ಬರೆಯುವವನಿಗಿಂತ ನಿಧಾನ ಎನಿಸಿಕೊಳ್ಳುವುದೆಂದರೇನು? ‘ಹತ್ತು ನಿಮಿಷ ಸಾಕ್ರಿ’ ಎಂದು ಫೋನ್ ಇಟ್ಟೆ.

ವಿಳಾಸ ಪ್ರತಿ ಪುಟದ ಕೆಳಗೂ ಇತ್ತು. ಅದರ ಕೊನೆಗೆ ಎಪಿ. ಪುಟಗಳನ್ನು ತಿದ್ದುವ ಎಡಿಟರ್ ತೆರೆದು ಕಂಟ್ರೋಲ್-ಎಚ್ ಒತ್ತಿದೆ. ಮೇಲಿನ ಮನೆಯಲ್ಲಿ ಎಪಿ, ಕೆಳಗಿನ ಮನೆಯಲ್ಲಿ ಟಿಎಸ್. ಎಲ್ಲ ಕಡೆ ಬದಲಾಯಿಸು. ನೂರಾರು ಜಾಗದಲ್ಲಿ ಬದಲಾಯಿಸಿದ್ದೇನೆ ಎಂದು ಕಂಪ್ಯೂಟರ್ ಹೇಳಿತು. ಸೈಟಿನಲ್ಲಿ ಇದ್ದದ್ದೇ ಹನ್ನೊಂದು ಪುಟ. ಹನ್ನೊಂದು ಪುಟದಲ್ಲಿ ವಿಳಾಸ ನೂರಾರು ಹೇಗಾದೀತು ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸೇವ್ ಮಾಡಿ, ಸೈಟಿಗೆ ಏರಿಸಿ, ಎಡಿಟರ್ ಮುಚ್ಚಿ, ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಕೆಲಸಕ್ಕೆ ಹತ್ತು ನಿಮಿಷವೂ ಹಿಡಿದಿರಲಿಲ್ಲ.

ಮರುದಿನ ನಾನು ಗಿರಣಿಯ ಮೆಟ್ಟಿಲು ಹತ್ತುವಾಗಲೇ ಫೋನ್ ಬಂತು.

‘ಯವ್ವಾ, ಅನಂತಪುರದ ನಮ್ಮ ಏಜೆಂಟ್ ಫೋನ್ ಮಾಡಿದ್ದ. ಬಾಳ ಸಿಟ್ಟಿನ್ಯಾಗ ಅದಾನ.’

‘ಯಾಕ್ರಿ?’

‘ರಾಜ್ಯ ತಗೊಂಡ್ರಿ, ತಗೋರಿ. ಈಗ ನಮ್ಮ ಊರಿಗೂ ಕೈ ಹಾಕೀರೇನು ಅಂತ ಕೇಳಾಕತ್ಯಾನ. ನೀ ಒಂದೀಟು ನೋಡು.’

ಓಡಿ ಹೋಗಿ ಸೈಟ್ ತೆರೆದೆ. ಇಂಗ್ಲಿಷಿನಲ್ಲಿ ಅನಂತಪುರ ಎಂದು ಬರೆದರೆ ಅದರ ನಡುವೆ ಎ ಮತ್ತು ಪಿ ಅಕ್ಕಪಕ್ಕ ಬರುತ್ತವೆ. ನನ್ನ ಆಜ್ಞೆಯನ್ನು ಶಿರಸಾವಹಿಸಿದ್ದ ಕಂಪ್ಯೂಟರ್ ಅವನ್ನೂ ಕಿತ್ತು ಅಲ್ಲಿ ಟಿಎಸ್ ಕೂರಿಸಿತ್ತು. ಏಜೆಂಟರ ಪಟ್ಟಿಯಲ್ಲಿ ಊರು ‘ಅನಂತ್‌ಟಿಎಸ್‌ಉರ್’ ಆಗಿತ್ತು. ಸೋಲಾಪುರಕ್ಕೂ ಅದೇ ಗತಿ, ಬಿಜಾಪುರಕ್ಕೂ ಅದೇ ಗತಿ. ಒಂದೇ ಸಂಜೆಯಲ್ಲಿ ನಾನು ಆಂಧ್ರ, ಮಹಾರಾಷ್ಟ್ರ, ಕರ್ನಾಟಕ ಮೂರರಿಂದಲೂ ಊರುಗಳನ್ನು ತೆಲಂಗಾಣಕ್ಕೆ ಸೇರಿಸಿದ್ದೆ. ‘ಹ್ಯಾಪಿ’ ಹೋಗಿ ‘ಎಚ್‌ಟಿಎಸ್‌ಪಿ’ ಆಗಿತ್ತು. ಚಿತ್ರಗಳ ಹೆಸರಿನೊಳಗೂ ಆ ಎರಡಕ್ಷರ ಇದ್ದವಾದ್ದರಿಂದ ಅರ್ಧ ಸೀರೆಗಳು ಮಾಯವಾಗಿ ಖಾಲಿ ಚೌಕಗಳು ಉಳಿದಿದ್ದವು.

ಕಂಟ್ರೋಲ್-ಝಡ್ ಒತ್ತಿದೆ. ಮಾಡಿದ್ದನ್ನು ಹಿಂದೆಗೆದುಕೊಳ್ಳುವ ಕೀಲಿ. ಆದರೆ ಎಡಿಟರನ್ನು ರಾತ್ರಿಯೇ ಮುಚ್ಚಿದ್ದೆನಲ್ಲ, ಅದಕ್ಕೆ ಹಿಂದಿನದೇನೂ ನೆನಪಿರಲಿಲ್ಲ. ಹಳೆಯ ಪ್ರತಿ ತೆಗೆದಿಟ್ಟಿದ್ದೇನೆಯೇ ಎಂದು ಹುಡುಕಿದೆ. ‘ಫೈನಲ್’, ‘ಫೈನಲ್ ಹೊಸದು’, ‘ನಿಜವಾದ ಫೈನಲ್’ ಎಂಬ ಮೂರು ಫೋಲ್ಡರ್ ಸಿಕ್ಕವು. ಮೂರೂ ಬೇರೆ ಗಿರಾಕಿಯವು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ಇಂದಿಗೂ ನಾಚಿಕೆ. ಗಾಬರಿಯಲ್ಲಿ ಮತ್ತೆ ಕಂಟ್ರೋಲ್-ಎಚ್ ಒತ್ತಿ, ಈ ಸಲ ಟಿಎಸ್ ಇದ್ದಲ್ಲೆಲ್ಲ ಎಪಿ ಹಾಕು ಎಂದೆ. ದೊಡ್ಡಕ್ಷರ ಸಣ್ಣಕ್ಷರ ಬೇರೆ ಎಂದು ನೋಡುವುದಕ್ಕೆ ಅಲ್ಲೇ ಒಂದು ಪುಟ್ಟ ಚೌಕ ಇರುತ್ತದೆ. ಅದಕ್ಕೊಂದು ಗುರುತು ಹಾಕಿದ್ದರೆ ಬಚಾವಾಗುತ್ತಿದ್ದೆ. ಹಾಕಲಿಲ್ಲ. ಅನಂತಪುರವೇನೋ ಆಂಧ್ರಕ್ಕೆ ಮರಳಿತು. ಆದರೆ ಇಂಗ್ಲಿಷಿನಲ್ಲಿ ಟಿ ಮತ್ತು ಎಸ್‌ನಿಂದ ಮುಗಿಯುವ ಪದಗಳು ಬೇಕಾದಷ್ಟಿವೆ. ‘ಪ್ರಾಡಕ್ಟ್ಸ್’ ಹೋಗಿ ‘ಪ್ರಾಡಕ್ಯಾಪ್’ ಆಯಿತು. ಮದುವೆಯ ಉಡುಗೊರೆ ಸೀರೆಗಳ ಪುಟದ ಮೇಲೆ ‘ಗಿಫ್ಟ್ಸ್’ ಎಂದಿತ್ತು. ಅದೀಗ ‘ಗಿಫ್ಯಾಪ್’. ವಿಳಾಸ ಮಾತ್ರ ಮತ್ತೆ ಆಂಧ್ರದಲ್ಲೇ ಇತ್ತು.

ಇನ್ನು ಗದ್ವಾಲಕ್ಕೆ ಹೋಗಿ ತಪ್ಪೊಪ್ಪಿಕೊಳ್ಳುವುದೊಂದೇ ದಾರಿ. ಲ್ಯಾಪ್‌ಟಾಪನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ ಹತ್ತಿದೆ. ಮಕ್ತಲ್‌ನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಎದುರಿಗೆ ಮಂಡಕ್ಕಿಯ ಒಗ್ಗಾಣಿ, ಬಜ್ಜಿ ಬಿಸಿಬಿಸಿ ಇಳಿಯುತ್ತಿದ್ದರೂ ಬಾಯಿಗೆ ಇಡುವ ಮನಸ್ಸಾಗಲಿಲ್ಲ. ಜೂರಾಲ ಡ್ಯಾಂ ದಾಟುವವರೆಗೂ, ಸಾಹುಕಾರರು ಏನೆಂದಾರು, ನಾನೇನು ಹೇಳಲಿ ಎಂದು ಮನಸ್ಸಿನಲ್ಲೇ ಸವಾಲು ಜವಾಬು ನಡೆಸುತ್ತಿದ್ದೆ. ವೈರಸ್ ಎನ್ನಬಹುದಿತ್ತು. ಆಗಿನ ಕಾಲಕ್ಕೆ ವೈರಸ್ ಎಂದರೆ ಎಲ್ಲರೂ ಒಪ್ಪುತ್ತಿದ್ದರು. ಅಂಗಡಿಯ ಮೆಟ್ಟಿಲು ಹತ್ತಿ, ಗಾದಿಯ ಮೇಲೆ ಕೂತಿದ್ದ ಅವರ ಮುಖ ನೋಡಿದಾಗ ಸುಳ್ಳು ಬಾಯಿಗೆ ಬರಲಿಲ್ಲ.

‘ತಪ್ಪು ನಂದೇರಿ ಸಾವುಕಾರ್ರೆ. ಅವಸರ ಮಾಡಿದೆ. ಹಳೇ ಪ್ರತಿ ನನ್ನ ಹತ್ರ ಇಲ್ಲ.’

ಅವರು ಅಂಗಡಿಯ ಗುಮಾಸ್ತರ ಕಡೆ ತಿರುಗಿ, ‘ಆ ಫೈಲ್ ತರ್ರಿ’ ಎಂದರು.

ಗುಮಾಸ್ತರು ಸಾಹುಕಾರರಿಗಿಂತ ಹತ್ತು ವರ್ಷ ಹಿರಿಯರು. ಮೊದಲ ಎರಡು ಮೂರು ಕ್ಲಾಸು ಉರ್ದುವಿನಲ್ಲಿ ಓದಿದವರು. ದೇವರ ಗೂಡಿನಿಂದ ಒಂದು ಹಸಿರು ಫೈಲನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಬಿಚ್ಚಿದರೆ ನನ್ನ ವೆಬ್‌ಸೈಟು. ಹನ್ನೊಂದೂ ಪುಟಗಳು ಬಣ್ಣದಲ್ಲಿ ಪ್ರಿಂಟ್ ಆಗಿ, ದಾರದಲ್ಲಿ ಹೊಲಿಸಿಕೊಂಡು, ಮೊದಲ ಪುಟದ ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು.

‘ನೀ ಶುರು ಮಾಡಿಕೊಟ್ಟ ದಿನಾನ ಪ್ರಿಂಟ್ ತಗಸೀನಿ,’ ಎಂದರು ಸಾಹುಕಾರರು. ‘ಗಾಳಿಯಾಗ ಇರೋ ಅಂಗಡಿನ ಯಾರು ನಂಬ್ತಾರವ್ವಾ? ಕಾಗದ ಬೇಕು.’

ಆ ದಿನ ಅವರು ಪ್ರಿಂಟ್ ತೆಗೆಸಿದ್ದು ಗೊತ್ತಾಗಿದ್ದರೆ ನಾನು ಖಂಡಿತ ನಕ್ಕುಬಿಡುತ್ತಿದ್ದೆ. ಈಗ ಆ ಫೈಲಿಗೆ ನಾನೇ ನಮಸ್ಕಾರ ಮಾಡಿದೆ.

ಸೈಟಿನ ಒಳಗಿನ ಕೋಡ್ ನನಗೆ ನೆನಪಿತ್ತು. ಚಿತ್ರಗಳ ಹೆಸರುಗಳನ್ನು ಸರಿಪಡಿಸಲು ಬಹಳ ಹೊತ್ತಾಗಲಿಲ್ಲ. ಪುಟಗಳ ಬರಹವನ್ನು ಮಾತ್ರ ಒಂದೊಂದೇ ಪದ ತಾಳೆ ನೋಡಬೇಕಿತ್ತು. ಗುಮಾಸ್ತರು ಕನ್ನಡಕ ಏರಿಸಿ ಪ್ರಿಂಟಿನಿಂದ ಓದುವುದು, ನಾನು ತೆರೆಯ ಮೇಲೆ ನೋಡಿ ತಿದ್ದುವುದು ಎಂದಾಯಿತು. ಅವರು ಪದ ಓದುತ್ತಿರಲಿಲ್ಲ, ಅಕ್ಷರ ಓದುತ್ತಿದ್ದರು. ವಾಕ್ಯದ ಕೊನೆಯ ಚುಕ್ಕೆಗೆ ‘ನುಕ್ತಾ’ ಎನ್ನುತ್ತಿದ್ದರು. ಎರಡು ಪದಗಳ ನಡುವಿನ ಜಾಗಕ್ಕೆ ‘ಖಾಲಿ’ ಎಂದು ಹೇಳಿ ಒಂದು ಉಸಿರು ಬಿಡುತ್ತಿದ್ದರು.

‘ಪದ ಪೂರಾ ಓದ್ರಿ ಗುಮಾಸ್ತ್ರೆ, ಬೇಗ ಆಗ್ತದ,’ ಎಂದೆ ನಾನು ತಾಳಲಾರದೆ.

‘ಬೇಗ ಮಾಡಿದ್ದಕ್ಕ ಅಲ್ಲೇನು ಬೇಟಾ, ನೀ ಇಲ್ಲಿ ಬಂದು ಕುಂತಿದ್ದು?’ ಎಂದು ಅವರು ಕನ್ನಡಕದ ಮೇಲಿಂದ ನೋಡಿದರು. ‘ಎಸ್. ಐ. ಎಲ್. ಕೆ. ಖಾಲಿ.’

ನಾಲ್ಕನೆಯ ಪುಟಕ್ಕೆ ಬಂದಾಗ ಅವರು ಓದುವುದನ್ನು ನಿಲ್ಲಿಸಿ, ಬೆರಳನ್ನು ಕಾಗದದ ಮೇಲೆ ಒತ್ತಿ ಹಿಡಿದರು.

‘ಗದ್ವಾಲದ ಸ್ಪೆಲ್ಲಿಂಗಿನ್ಯಾಗ ಎಲ್ ಇಲ್ಲ.’

ನೋಡಿದರೆ ನಿಜ. ಇದು ಕಂಟ್ರೋಲ್-ಎಚ್ ಮಾಡಿದ ತಪ್ಪಲ್ಲ. ಮೊದಲ ದಿನ ನನ್ನ ವೇಗದ ಬೆರಳು ಮಾಡಿದ್ದು. ಎರಡು ವರ್ಷದಿಂದ ಗದ್ವಾಲದ ಅಂಗಡಿ ಇಂಟರ್ನೆಟ್ಟಿನಲ್ಲಿ ‘ಗದ್ವಾ’ ಎಂಬ ಊರಿನಲ್ಲಿತ್ತು. ಯಾರೂ ನೋಡಿರಲಿಲ್ಲ. ಸಾಹುಕಾರರು ಆ ಪುಟಕ್ಕೆ ದಿನವೂ ಊದಿನಕಡ್ಡಿ ಬೆಳಗಿದ್ದರು.

ಮಧ್ಯಾಹ್ನ ಅವರ ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಬಂತು. ಉಂಡು ಮತ್ತೆ ಕೂತೆವು. ಉಡುಗೊರೆ ಪುಟ ಇನ್ನೂ ತಿದ್ದಿರಲಿಲ್ಲ, ಅಷ್ಟರಲ್ಲಿ ಅಂಗಡಿಯ ಫೋನ್ ಬಡಿಯಿತು. ಸಾಹುಕಾರರಿಗೆ ಕಿವಿ ಸ್ವಲ್ಪ ಮಂದ. ಅದಕ್ಕೇ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದರು. ವನಪರ್ತಿಯಿಂದ ಒಬ್ಬ ಹೆಂಗಸಿನ ದನಿ ತೆಲುಗಿನಲ್ಲಿ ಕೇಳಿತು: ‘ಮೀ ದಗ್ಗರ ಗಿಫ್ಯಾಪ್ ಚೀರಲು ಉನ್ನಾಯಾ?’ ಗಿಫ್ಯಾಪ್ ಸೀರೆ ಇದೆಯೇ ಎಂದು.

ಗುಮಾಸ್ತರು ಕನ್ನಡಕ ತೆಗೆದರು. ಸಾಹುಕಾರರು ಕಣ್ಣು ಮಿಟುಕಿಸಲಿಲ್ಲ.

‘ಉನ್ನಾಯಮ್ಮಾ,’ ಎಂದರು. ಹೊಸದಾಗಿ ಬಂದಿದೆ, ಒಂದು ಮಗ್ಗದವರು ಮಾತ್ರ ನೇಯುತ್ತಾರೆ, ಬನ್ನಿ, ತೋರಿಸುತ್ತೇನೆ ಎಂದೂ ಸೇರಿಸಿದರು.

ಫೋನ್ ಇಟ್ಟ ಮೇಲೆ ನಾನು ಮೆಲ್ಲಗೆ ಹೇಳಿದೆ. ‘ಸಾವುಕಾರ್ರೆ, ಗಿಫ್ಯಾಪ್ ಅಂದ್ರ ಏನೂ ಇಲ್ರಿ. ಅದು ನನ್ನ ತಪ್ಪಿನ ಪದ.’

‘ಗೊತ್ತೈತಿ ಬಿಡು. ಆಕಿಗೆ ಬೇಕಾಗಿದ್ದು ಸೀರಿ. ಸೀರಿ ನನ್ನ ಹತ್ರ ಐತಿ. ನಡುವ ಹೆಸರು ಯಾವುದಾದ್ರೇನು?’

ಕಪಾಟಿನಿಂದ ಮಾವಿನೆಲೆ ಹಸಿರಿನ ನೂಲಿನ ಒಡಲು, ಕಡುಗೆಂಪು ರೇಷ್ಮೆ ಸೆರಗು ಇದ್ದ ಒಂದು ಸೀರೆ ತೆಗೆದರು. ಚೆಂದದ ಸೀರೆ. ಬಹಳ ದಿನದಿಂದ ಮಾರಾಟವಾಗದೆ ಉಳಿದದ್ದಂತೆ. ‘ಇವತ್ತಿನಿಂದ ಇದ ಗಿಫ್ಯಾಪ್,’ ಎಂದು ಗುಮಾಸ್ತರ ಕೈಗೆ ಕೊಟ್ಟರು. ಗುಮಾಸ್ತರು ಒಂದು ಚೀಟಿ ಹರಿದು, ಅಕ್ಷರ ಅಕ್ಷರ ಹೇಳಿಕೊಳ್ಳುತ್ತ ಹೆಸರು ಬರೆದು ಅಂಟಿಸಿದರು.

ಸಂಜೆಯ ಬಸ್ಸಿಗೆ ಮೊದಲು ಕೆಲಸ ಮುಗಿಯಿತು. ವಿಳಾಸದ ಎಪಿಯನ್ನು ಹನ್ನೊಂದು ಪುಟದಲ್ಲೂ ಹನ್ನೊಂದು ಸಲ, ಕೈಯಲ್ಲೇ ಅಳಿಸಿ ಟಿಎಸ್ ಎಂದು ಬರೆದೆ. ಪ್ರತಿ ಸಲವೂ ಗುಮಾಸ್ತರು ತೆರೆಗೆ ಮೂಗು ತಾಗಿಸಿ ನೋಡಿ ‘ಹೂಂ’ ಎಂದರು. ಗಿಫ್ಯಾಪನ್ನೂ ತಿದ್ದಲು ಹೋದಾಗ ಸಾಹುಕಾರರು ಕೈ ಅಡ್ಡ ಹಿಡಿದರು. ‘ಅದು ಇರ್ಲಿ. ಆಕಿ ಬಂದು ನೋಡಿದ್ರ?’

ಆ ಹೆಂಗಸು ಬಂದಳಂತೆ. ಸೀರೆ ಒಯ್ದಳು, ಮುಂದಿನ ತಿಂಗಳು ತನ್ನ ಅಕ್ಕನನ್ನೂ ಕರೆತಂದಳು. ನಾನು ನಾರಾಯಣಪೇಟೆಗೆ ಮರಳಿದ ವಾರವೇ, ಮಾಡಿದ ಪ್ರತಿ ಬದಲಾವಣೆಯ ಹಳೆಯ ಪ್ರತಿಯನ್ನೂ ತಾನಾಗಿ ಕಾದಿಡುವ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಪಟ್ಟಣದ ಡೆವಲಪರುಗಳು ಎಂದೋ ಬಳಸುತ್ತಿದ್ದುದು, ನಾನೇ ಸೋಮಾರಿತನಕ್ಕೆ ಮುಂದೂಡಿದ್ದೆ. ಯಾರಾದರೂ ಹೊಸಬರು ಕಂಪ್ಯೂಟರ್ ಕಲಿಯಲು ಬಂದು ಒಳ್ಳೆಯ ಶಾರ್ಟ್‌ಕಟ್ ಹೇಳಿಕೊಡಿ ಎಂದರೆ, ಮೊದಲು ಒಂದು ಪ್ರತಿ ತೆಗೆದಿಡಿ, ಆಮೇಲೆ ಗಟ್ಟಿಯಾಗಿ ಓದಿ ಎನ್ನತೊಡಗಿದೆ. ಅವರಿಗೆ ನಿರಾಸೆಯಾಗುವುದು ಮುಖದಲ್ಲೇ ಕಾಣುತ್ತಿತ್ತು. ಅಂಥವರಿಗೆ ಕಂಟ್ರೋಲ್-ಶಿಫ್ಟ್-ಟಿ ತೋರಿಸಿ ಖುಷಿಪಡಿಸಿ ಕಳಿಸುತ್ತಿದ್ದೆ.

ಒಂದೆರಡು ವರ್ಷದ ಮೇಲೆ ನಾರಾಯಣಪೇಟೆಯದೇ ಒಂದು ಸೀರೆ ಅಂಗಡಿಯವರು ಸೈಟ್ ಮಾಡಿಸಲು ನನ್ನ ಕೋಣೆಗೆ ಬಂದರು. ಯಾವ ಯಾವ ಬಗೆಯ ಸೀರೆಗಳ ಹೆಸರು ಹಾಕಬೇಕೆಂದು ಕೇಳಿದೆ. ಬೆರಳು ಮಡಚುತ್ತ ಹೇಳುತ್ತ ಹೋದರು. ಕೊನೆಗೆ ದನಿ ತಗ್ಗಿಸಿ, ‘ಮೇಡಂ, ಗದ್ವಾಲದಾಗ ಗಿಫ್ಯಾಪ್ ಅಂತ ಒಂದು ಬಂದೈತ್ರಿ. ಬಾಳ ನಡೀತೈತಿ. ಅದನ್ನೂ ಹಾಕ್ರಿ,’ ಎಂದರು.

‘ನಿಮ್ಮ ಹತ್ರ ಐತೇನ್ರಿ?’ ಎಂದೆ.

‘ತರಸ್ತೀವಿ. ಹಸರ ಒಡಲು, ಕೆಂಪು ಸೆರಗು. ನೀವು ನೋಡಿಲ್ಲೇನು?’

ನೋಡಿದ್ದೇನೆ ಎಂದೆ. ಸ್ಪೆಲ್ಲಿಂಗ್ ಕೇಳಿದೆ. ಅವರಿಗೆ ಖಾತ್ರಿಯಿರಲಿಲ್ಲ. ನಾನೇ ಹೇಳಿಕೊಟ್ಟೆ.