ಅಣ್ಣ ತಮ್ಮಂದಿರ ನಡುವಿನ ಬಾಡಿಗೆ ಮನೆ

ತೆಲುಗು ಸೀಮೆಯ ಗದ್ವಾಲದ ವಿಶ್ವವಿದ್ಯಾಲಯ ಕ್ಯಾಂಪಸ್ಸಿನಲ್ಲಿ ನನಗೆ ಎಂ.ಎ. ಸೀಟು ಸಿಕ್ಕಾಗ ಹೆಣ್ಣುಮಕ್ಕಳ ಹಾಸ್ಟೆಲ್ ತುಂಬಿಹೋಗಿತ್ತು. ನಮ್ಮೂರು ಮಕ್ತಲ್‌ನಿಂದ ಒಳಗೆ, ಆಟೋದಲ್ಲಿ ಅರ್ಧ ಗಂಟೆ. ಮಕ್ತಲ್‌ನಲ್ಲಿ ಬಸ್ಸು ಹಿಡಿದು, ಜೂರಾಲ ಅಣೆಕಟ್ಟು ದಾಟಿ ಗದ್ವಾಲ ಸೇರುವಷ್ಟರಲ್ಲಿ ಮೊದಲ ಕ್ಲಾಸು ಮುಗಿದಿರುತ್ತಿತ್ತು. ಎರಡು ತಿಂಗಳು ಹಾಗೆ ಓಡಾಡಿದೆ. ಬಿಡುವು ಸಿಕ್ಕಾಗಲೆಲ್ಲ ಕ್ಯಾಂಪಸ್ಸಿನ ಸುತ್ತಮುತ್ತ ಬಾಡಿಗೆ ಮನೆ ಹುಡುಕಿದೆ.

ಹುಡುಕುವುದೆಂದರೆ ಕಂಡವರ ಬಾಗಿಲಲ್ಲಿ ನಿಂತು ಉತ್ತರ ಹೇಳುವುದು. ಯಾವೂರು, ಯಾವ ಮಂದಿ, ಅಪ್ಪ ಏನು ಮಾಡುತ್ತಾನೆ, ಮನೆಗೆ ಯಾರು ಯಾರು ಬರುತ್ತಾರೆ. ಅಪ್ಪನಿಗೆ ಕುರಿಗಳಿವೆ ಎಂದ ಕೂಡಲೇ ಒಬ್ಬಾಕೆ ತೆಲುಗಿನಲ್ಲಿ "ಖಾಲೀ ಲೇದಮ್ಮಾ" ಎಂದು ಬಾಗಿಲು ಹಾಕಿಕೊಂಡಳು. ಮನೆ ಖಾಲಿ ಇದೆ ಎಂಬ ಬೋರ್ಡು ನನ್ನ ತಲೆಯ ಮೇಲೇ ತೂಗುತ್ತಿತ್ತು. ಅಲ್ಲಿಂದ ಮುಂದೆ ಅಪ್ಪ ಒಕ್ಕಲುತನ ಮಾಡುತ್ತಾನೆ ಎಂದು ಹೇಳತೊಡಗಿದೆ. ಆಗ ಬಾಗಿಲು ತೆರೆಯುತ್ತಿತ್ತು, ಆದರೆ ಬಾಡಿಗೆ ನಮ್ಮ ಕೈಗೆ ಎಟುಕುತ್ತಿರಲಿಲ್ಲ.

ಆ ದಿನಗಳಲ್ಲೇ ಅಕ್ಕನ ಮದುವೆಗೆ ಸೀರೆ ತರಲು ಅಪ್ಪ, ಅವ್ವ, ನಾನು ನಾರಾಯಣಪೇಟೆಗೆ ಹೋದೆವು. ಸೀರೆ ಅಂಗಡಿಯ ಸಾವ್ಕಾರ ಅರವತ್ತರ ಹತ್ತಿರದವನು, ಕನ್ನಡದವನು. ನಮ್ಮ ಮಾತು ಕೇಳಿ ಖುಷಿಯಾದ. ಅವ್ವ ಅಂಚು ನೋಡುತ್ತಿದ್ದಾಗ ನನ್ನತ್ತ ತಿರುಗಿ ಏನು ಓದುತ್ತೀ ಎಂದು ಕೇಳಿದ. ಹೇಳಿದೆ. ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ ಎಂದೂ ಹೇಳಿದೆ.

"ಅಯ್ಯ, ಗದ್ವಾಲದಾಗ ನಂದು ಮನಿ ಐತೆಲ್ಲವ್ವಾ!" ಎಂದ. "ಕ್ಯಾಂಪಸ್ಸಿಗೆ ನಡಕೊಂಡು ಹೋಗಬಹುದು. ಮ್ಯಾಲಿನ ಅಂತಸ್ತು ಖಾಲಿ ಬಿದ್ದೈತಿ. ಎರಡು ಖೋಲಿ, ಅಡಗಿ ಮನಿ, ಎಲ್ಲಾ ಐತಿ."

ಅವನು ಹೇಳಿದ ಬಾಡಿಗೆ ಉಳಿದವರು ಕೇಳಿದ್ದರ ಅರ್ಧಕ್ಕಿಂತ ಕಡಿಮೆ. ಅಪ್ಪನಿಗೇ ಅನುಮಾನ ಬಂತು.

"ಇಷ್ಟು ಕಮ್ಮಿ ಯಾಕ್ರೀ ಸಾವ್ಕಾರ್ರ?"

"ಓದೋ ಹುಡುಗ್ಯಾರ ಹತ್ರ ಕಿರಾಯಿ ಜಗ್ಗಿ ನಾ ಏನು ಮಾಡ್ಲಿ? ನಮ್ಮ ಭಾಷಾದವರು ನೀವು. ಒಂದೇ ಮಾತು, ಮನಿಗೆ ಬೀಗ ಹಾಕ್ಕೊಂಡು ಎಲ್ಲಾರೂ ಒಮ್ಮಿಗೇ ಊರಿಗೆ ಹೋಗಬಾರ್ದು. ರಾತ್ರಿ ಹೊತ್ತು ಒಬ್ಬರರೆ ಮನಿಯಾಗ ಇರಬೇಕು. ಕಳ್ಳರ ಕಾಟ ಭಾಳ."

ಅಪ್ಪ ಅವನಿಗೆ ದೇವರೇ ಸಿಕ್ಕಂತೆ ಕೈ ಮುಗಿದ. ನಾನೂ ಮುಗಿದೆ. ಈಗ ನೆನೆದರೆ ಆ ಕೈಗಳನ್ನು ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ.

ನನ್ನ ಕ್ಲಾಸಿನವಳೊಬ್ಬಳು ಜೊತೆಯಾದಳು. ಮಾನೋಪಾಡು ಕಡೆಯವಳು, ಮನೆಮಾತು ತೆಲುಗು. ಅವಳ ತಾಯಿ ಮೆಣಸಿನಕಾಯಿ ಹೊಲಗಳಲ್ಲಿ ಕೂಲಿ ಮಾಡಿ ಅವಳನ್ನು ಓದಿಸುತ್ತಿದ್ದಳು. ಅವಳೂ ನನ್ನಷ್ಟೇ ಬಾಗಿಲುಗಳನ್ನು ನೋಡಿದ್ದಳು.

ನಾವು ಸಾಮಾನು ತಂದ ದಿನ ಗೇಟಿನಲ್ಲಿ ಲುಂಗಿ ಉಟ್ಟ ಒಬ್ಬ ಗಂಡಸು ಕೈಕಟ್ಟಿ ನಿಂತಿದ್ದ. ಅಪ್ಪನ ತಲೆಯ ಮೇಲೆ ಅಕ್ಕಿಯ ಚೀಲವಿತ್ತು.

"ಯಾರ್ನ ಕೇಳಿ ಬಂದೀರಿ?"

"ನಾರಾಯಣಪೇಟಿ ಸಾವ್ಕಾರ್ರು ಕೊಟ್ಟಾರ್ರೀ," ಎಂದ ಅಪ್ಪ.

"ಅವ ಯಾರು ಕೊಡಾಕ? ಇದು ನಮ್ಮಪ್ಪ ಕಟ್ಟಿಸಿದ ಮನಿ. ನಾ ಅವನ ತಮ್ಮ. ನನಗೂ ಇದರಾಗ ಹಕ್ಕೈತಿ."

ಅವನ ಹಿಂದೆ ಕೆಳಗಿನ ಮನೆಯ ಬಾಗಿಲಲ್ಲಿ ಅವನ ಹೆಂಡತಿ ಕಾಣಿಸಿದಳು. ಅಪ್ಪನ ಹೆಗಲ ಮೇಲಿನ ಕಂಬಳಿ ನೋಡಿ ಸೆರಗಿನಿಂದ ಮೂಗು ಮುಚ್ಚಿದಳು. "ಕುರಿ ಕಾಯೋರ್ನ ತಂದು ನಮ್ಮ ತಲಿ ಮ್ಯಾಲ ಕುಂದ್ರಿಸ್ಯಾನ ನೋಡ್ರಿ," ಎಂದು ಗಂಡನಿಗೆ ಹೇಳಿದಳು. ನಮಗೆ ಕೇಳಬೇಕೆಂದೇ ಹೇಳಿದಳು.

ಅಪ್ಪ ಚೀಲ ಇಳಿಸದೆ ಹಾಗೇ ನಿಂತ. ನಾನು ಸಾವ್ಕಾರನಿಗೆ ಫೋನ್ ಹಚ್ಚಿ ತಮ್ಮನ ಕೈಗೆ ಕೊಡಲು ಹೋದೆ. ಅವನು ಫೋನ್ ಮುಟ್ಟಲಿಲ್ಲ. ಕೊನೆಗೆ ಗೇಟು ಬಿಟ್ಟು ಸರಿದ, ಆದರೆ ಮೆಟ್ಟಿಲಿಗೆ ಅಡ್ಡವಾಗಿ ನಿಲ್ಲಿಸಿದ್ದ ಸ್ಕೂಟರನ್ನು ಸರಿಸಲಿಲ್ಲ. ಒಂದು ವರ್ಷ ಅದು ಅಲ್ಲೇ ನಿಂತಿತ್ತು. ನಾವು ಗೋಡೆಗೆ ಮೈ ಒತ್ತಿಕೊಂಡು ಹತ್ತುತ್ತಿದ್ದೆವು, ಇಳಿಯುತ್ತಿದ್ದೆವು.

ವಿಷಯ ತಿಳಿಸಿದವನು ಮೂಲೆಯ ಕಿರಾಣಿ ಅಂಗಡಿಯವನು. ಅಣ್ಣ ತಮ್ಮಂದಿರಿಗೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು, ಮನೆಯ ಮೇಲೆ ಕೋರ್ಟಿನಲ್ಲಿ ದಾವೆ ನಡೆಯುತ್ತಿತ್ತು. "ಮ್ಯಾಲಿನ ಮನಿ ಯಾರ ಕಬ್ಜಾದಾಗ ಐತಿ, ಯಾರ ಕೈಯಾಗ ಐತಿ ಅನ್ನೋದ ಜಗಳ," ಎಂದ. "ಖಾಲಿ ಇದ್ರ ತಮ್ಮ ಬೀಗ ಒಡದು ಸೇರ್ಕೋತಾನ. ಅದಕ್ಕ ಅಣ್ಣ ನಿಮ್ಮನ್ನ ಕುಂದ್ರಿಸ್ಯಾನ. ನಿಮ್ಮಕಿಂತ ಮೊದಲು ಮೂರು ಮಂದಿ ಓಡಿಹೋಗ್ಯಾರ."

ನಾವು ಬಾಡಿಗೆಯವರಲ್ಲ, ಕಾವಲಿನವರು ಎಂದು ಆಗ ಗೊತ್ತಾಯಿತು. ಗೊತ್ತಾಗಿ ಏನು ಮಾಡುವುದು? ಆ ಬಾಡಿಗೆಗೆ ಗದ್ವಾಲದಲ್ಲಿ ಇನ್ನೊಂದು ಮನೆ ಇರಲಿಲ್ಲ.

ನೀರಿನ ಮೋಟರಿನ ಸ್ವಿಚ್ಚು ಕೆಳಗಿನ ಮನೆಯೊಳಗಿತ್ತು. ತಮ್ಮನ ಹೆಂಡತಿ ಕೆಳಗಿನ ತೊಟ್ಟಿ ತುಂಬಿದ ಕೂಡಲೇ ಆರಿಸುತ್ತಿದ್ದಳು. ನಾವು ಬೀದಿಯ ಬೋರಿಂಗಿನಿಂದ ಕೊಡದಲ್ಲಿ ತಂದೆವು. ಮೇಲೆ ಒಣಹಾಕಿದ ಬಟ್ಟೆ ಕೆಳಗೆ ಮಣ್ಣಿನಲ್ಲಿ ಬಿದ್ದಿರುತ್ತಿತ್ತು. ನಮ್ಮ ಹೊಸ್ತಿಲ ಮುಂದೆ ಅವರ ಮನೆಯ ಕಸ ಇರುತ್ತಿತ್ತು. ಸಾವ್ಕಾರನಿಗೆ ಫೋನ್ ಮಾಡಿದರೆ "ಫೋಟೋ ತಗದು ಕಳಸ್ರಿ" ಎನ್ನುತ್ತಿದ್ದ. ಕಳಿಸಿದರೆ "ಶಾಬಾಸ್" ಎಂದು ಉತ್ತರ ಬರುತ್ತಿತ್ತು. ನಮ್ಮ ಕಷ್ಟ ಹೆಚ್ಚಿದಷ್ಟೂ ಅವನ ದಾವೆಗೆ ಅನುಕೂಲ.

ನಾನೂ ಸುಮ್ಮನಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ತಮ್ಮನ ಹೆಂಡತಿ ಮಧ್ಯಾಹ್ನ ಮಲಗುವ ಕೋಣೆ ಯಾವುದೆಂದು ತಿಳಿದುಕೊಂಡು, ಸರಿಯಾಗಿ ಅದರ ಮೇಲೆ ಕೂತು ಒಣಕೊಬ್ಬರಿ, ಖಾರ ಕುಟ್ಟುತ್ತಿದ್ದೆ. ಕುಟ್ಟುವುದೇನೂ ಇಲ್ಲದಿದ್ದರೆ ಬರೀ ಒರಳು ಕುಟ್ಟುತ್ತಿದ್ದೆ. ಅವಳು ಕೆಳಗಿನಿಂದ ಬೈದರೆ ನನಗೆ ಊಟ ರುಚಿಸುತ್ತಿತ್ತು. ಕಸವನ್ನು ಪೊರಕೆಯಿಂದ ಒಂದೊಂದೇ ಮೆಟ್ಟಿಲು ಇಳಿಸಿ ಅವಳ ರಂಗೋಲಿಯ ಮೇಲೆ ಬಿಟ್ಟುಬರುತ್ತಿದ್ದೆ. ಗೆಳತಿ ಬೇಡವೆನ್ನುತ್ತಿದ್ದಳು. ಅರ್ಥಶಾಸ್ತ್ರದ ಪುಸ್ತಕ ತೆರೆದುಕೊಂಡು, ನಾಳೆ ಅವರಿಗೆ ಏನು ಮಾಡಲಿ ಎಂದು ಯೋಚಿಸುತ್ತ ಕೂತ ದಿನಗಳು ಎಷ್ಟೋ.

ವರ್ಷದ ಪರೀಕ್ಷೆ ಶುರುವಾಯಿತು. ಎರಡನೇ ಪೇಪರಿನ ದಿನ ಬೆಳಿಗ್ಗೆ ಗೆಳತಿ ಓದಿಕೊಳ್ಳಲು ಬೇಗನೇ ಕ್ಯಾಂಪಸ್ಸಿಗೆ ಹೋಗಿದ್ದಳು. ನಾನು ಇಳಿದು ಬಂದಾಗ ಗೇಟಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಕೆಳಗಿನ ಮನೆಯವರು ಯಾರೂ ಇರಲಿಲ್ಲ. ಕೂಗಿದೆ. ಕಿರಾಣಿಯವನು ಬಂದು ನೋಡಿದ. ಅವನ ಹತ್ತಿರವೂ ಕೀಲಿ ಇಲ್ಲ. ಕಂಪೌಂಡಿನ ಗೋಡೆಯ ಮೇಲೆ ಗಾಜಿನ ಚೂರು ನೆಟ್ಟಿದ್ದರು. ಗೋಡೆಯ ಹತ್ತಿರವೇ ಇದ್ದ ಸ್ಕೂಟರ್ ಹತ್ತಿ, ಅದರ ಸೀಟಿನ ಮೇಲೆ ನಿಂತು, ಗೋಡೆ ದಾಟಿದೆ. ಎಡಗೈ ಅಂಗೈ ಸೀಳಿತು. ದುಪಟ್ಟಾ ಸುತ್ತಿಕೊಂಡು ಹೋಗಿ ಪರೀಕ್ಷೆ ಬರೆದೆ. ಉತ್ತರ ಪತ್ರಿಕೆಗೆ ರಕ್ತ ತಾಗಿದ್ದನ್ನು ನೋಡಿ ಮೇಲ್ವಿಚಾರಕಿ ಬೇರೆ ಪುಟ ಕೊಟ್ಟರು, ಹೆಚ್ಚಿನ ಹೊತ್ತು ಕೊಡಲಿಲ್ಲ.

ಪರೀಕ್ಷೆ ಮುಗಿಸಿ ಬಂದಾಗ ಗೇಟಿನ ಬೀಗ ತೆಗೆದಿತ್ತು. ಗೆಳತಿ ಸಾವ್ಕಾರನಿಗೆ ಫೋನಿನಲ್ಲಿ ಹೇಳಿದ್ದಳು. ಮಧ್ಯಾಹ್ನ ಅವನು ಕಾರಿನಲ್ಲಿ ಬಂದ, ವರ್ಷದಲ್ಲಿ ಮೊದಲ ಸಲ. ಕೈ ಹೇಗಿದೆ ಎಂದು ಕೇಳಿದ. ಆಮೇಲೆ ಜೇಬಿನಿಂದ ಮಡಿಚಿದ ಕಾಗದ ತೆಗೆದ. ತೆಲುಗಿನಲ್ಲಿ ಟೈಪು ಮಾಡಿಸಿದ ಪೊಲೀಸು ದೂರು. ಬೀಗ ಹಾಕಿದ ಮಾತು ಅದರಲ್ಲಿತ್ತು. ಅದರ ಕೆಳಗೆ, ತಮ್ಮ ನನ್ನ ಕೈ ಹಿಡಿದು ಎಳೆದ, ಬಾಯಿ ಮುಚ್ಚಿದ, ಕೆಳಗಿನ ಕೋಣೆಗೆ ಕರೆದೊಯ್ಯಲು ನೋಡಿದ ಎಂದಿತ್ತು.

"ಸಹಿ ಹಾಕವ್ವಾ."

"ಅವರು ನನ್ನ ಮುಟ್ಟಿಲ್ರೀ."

"ಬೀಗ ಹಾಕಿದ್ದು ಖರೇನ ಇಲ್ಲ? ಅದರ ಸಂಗಾಟ ಇದೊಂದು."

"ಬೀಗದ್ದಷ್ಟ ಬರೀರಿ. ಈಗ ಹಾಕ್ತೀನಿ."

"ಬೀಗ ಹಾಕಿದ್ರ ಯಾವ ಪೊಲೀಸ ಬರ್ತಾನ? ಇದಕ್ಕ ಬರ್ತಾರ. ಅವ ನಾಕು ದಿನ ಒಳಗ ಕುಂತ್ರ ಮನಿ ನಂದಾಗ್ತೈತಿ. ನೀ ಇರೋತನಕ ಕಿರಾಯಿನೂ ಬ್ಯಾಡ."

ನಾನು ಪೆನ್ನು ತೆಗೆದುಕೊಂಡೆ. ಆ ಮನುಷ್ಯ ಪೊಲೀಸರ ಜೀಪಿನಲ್ಲಿ ಕೂತಿರುವುದನ್ನೂ, ಅವನ ಹೆಂಡತಿ ಬೀದಿಯಲ್ಲಿ ಬಾಯಿ ಬಡಿದುಕೊಳ್ಳುವುದನ್ನೂ ಕಣ್ಣ ಮುಂದೆ ತಂದುಕೊಂಡೆ. ಬಹಳ ಹಿತವಾಗಿತ್ತು. ಸಹಿ ಹಾಕಬೇಕು ಎಂದೇ ಇತ್ತು ಮನಸ್ಸಿನಲ್ಲಿ. ಆದರೆ ಕಾಗದದ ಮೊದಲ ಸಾಲಿನಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಹೆಸರು, ಊರ ಹೆಸರು ಇದ್ದವು. ಸಾವ್ಕಾರನ ಹೆಸರು ಎಲ್ಲೂ ಇರಲಿಲ್ಲ. ನಾನು ತಡೆದೆ. ಗೆಳತಿ ನನ್ನ ಕೈಯಿಂದ ಕಾಗದ ಕಿತ್ತುಕೊಂಡು, "ಇದಿ ಅಬದ್ಧಂ ಸಾರ್, ವದ್ದು" ಎಂದು ಅವನ ಕೈಗೇ ಕೊಟ್ಟಳು. ಸುಳ್ಳು ಇದು, ಬೇಡ ಎಂದು.

ಸಾವ್ಕಾರನ ಮುಖ ಬೇರೆಯಾಯಿತು. "ಪುಕ್ಕಟ ಇರಾಕ ಜಾಗ ಕೊಟ್ರ ಇದಾ ನಿಮ್ಮ ನಿಯತ್ತು? ಕುರಿ ಮಂದಿಗೆ ಮನಿ ಕೊಡಬಾರ್ದು ಅಂತ ಅದಕ್ಕ ಅಂತಾರ," ಎಂದು ಮೆಟ್ಟಿಲಿಳಿದು ಹೋದ.

ಸಂಜೆ ನಾನು ಒಂದು ತಪ್ಪು ಮಾಡಿದೆ. ಸಾವ್ಕಾರನ ತಮ್ಮ ಹೊರಗಿನಿಂದ ಬಂದಾಗ ಕೆಳಗಿಳಿದು, "ನಿಮ್ಮಣ್ಣ ಹಿಂಗಿಂಗ ಬರಸ್ಕೊಂಡು ಬಂದಿದ್ದ. ನಾ ಸಹಿ ಹಾಕಲಿಲ್ಲ," ಎಂದು ಹೇಳಿದೆ. ಇನ್ನಾದರೂ ನೀರು ಬಿಟ್ಟಾನು ಎಂದುಕೊಂಡಿದ್ದೆ. ಅವನ ಬಣ್ಣ ಇಳಿಯಿತು. ತಿರುಗಿ ಒಳಗೆ ಹೋದ.

ಮೂರನೇ ದಿನ ನಾನು ಕ್ಯಾಂಪಸ್ಸಿನಿಂದ ಬಂದಾಗ ಕೆಳಗಿನ ಪಡಸಾಲೆಯಲ್ಲಿ ಅಣ್ಣ ತಮ್ಮ ಒಂದೇ ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಜೊತೆಗೆ ಅವರ ಮಾವನೊಬ್ಬ ಇದ್ದ. ಜೈಲಿನ ಮಾತು ಬಂದ ಮೇಲೆ ತಮ್ಮನಿಗೆ ಹೆದರಿಕೆಯಾಗಿತ್ತು, ತನ್ನ ಕಾಗದ ಬಯಲಾದದ್ದಕ್ಕೆ ಅಣ್ಣನಿಗೂ. ರಾಜಿಯಾಗಿತ್ತು. ಮನೆ ಮಾರಿ ಹಂಚಿಕೊಳ್ಳುವುದು, ಅದಕ್ಕೆ ಮೇಲಿನ ಮನೆ ಖಾಲಿಯಾಗಬೇಕು.

"ನಾಡಿದ್ದ ಮನಿ ಬಿಡ್ರಿ," ಎಂದ ಸಾವ್ಕಾರ.

"ಪರೀಕ್ಷೆ ನಡದಾವ್ರೀ. ಇನ್ನ ಒಂಬತ್ತು ದಿನ."

"ಅದು ನಿಮ್ಮ ಹಣೇಬರ."

"ಅಣ್ಣ ತಮ್ಮರ ನಡುವ ಚಾಡಿ ಹಚ್ಚಿದಾಕಿ," ಎಂದು ತಮ್ಮನ ಹೆಂಡತಿ ಒಳಗಿನಿಂದ ಹೇಳಿದಳು. ಸಾವ್ಕಾರ ತಲೆಯಾಡಿಸಿದ. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದೇ ಇರಬೇಕು.

ಅಪ್ಪನಿಗೆ ಫೋನ್ ಮಾಡಿ ಅತ್ತೆ. ಎಲ್ಲವನ್ನೂ ಹೇಳಿದೆ, ಕಾಗದದ ಸಂಗತಿಯನ್ನೂ. ಮರುದಿನ ಮಧ್ಯಾಹ್ನ ಅವನು ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ರೊಟ್ಟಿಯ ಗಂಟು ಹಿಡಿದು ಬಂದ. ಸಾಮಾನು ಸಾಗಿಸಲು ಬಂದಿದ್ದಾನೆ ಎಂದುಕೊಂಡು ಸಾವ್ಕಾರನ ತಮ್ಮನೇ ಸ್ಕೂಟರನ್ನು ಸರಿಸಿದ. ಅಪ್ಪ ಮೇಲೆ ಹತ್ತಲಿಲ್ಲ. ಮೆಟ್ಟಿಲ ಬುಡದಲ್ಲಿ ಸ್ಕೂಟರ್ ನಿಲ್ಲುತ್ತಿದ್ದ ಜಾಗದಲ್ಲಿ ಕಂಬಳಿ ಹಾಸಿ ಕೂತ.

"ಏನಿದು?" ಎಂದ ತಮ್ಮ.

"ನನ್ನ ಮಗಳ ಪರೀಕ್ಷಾ ಮುಗೀಲಿ. ಅಲ್ಲೀತನಕ ನಾ ಇಲ್ಲೇ ಇರ್ತೀನ್ರೀ."

"ಏಯ್, ಇದು ನಮ್ಮ ಮನಿ. ಏಳು."

"ಕಾಗದ ಪತ್ರಕ್ಕಿಂತ ಕಬ್ಜಾ ದೊಡ್ಡದು ಅಂತ ನೀವ ಅಣ್ಣ ತಮ್ಮರು ಕೋರ್ಟಿಗೆ ಹೋಗೀರಿ. ಈಗ ನಮ್ಮ ಕಬ್ಜಾದಾಗ ಐತಿ. ಬೇಕಾದ್ರ ಪೊಲೀಸರ್ನ ಕರೀರಿ. ನಿಮ್ಮಣ್ಣ ಬರಸಿದ ಕಾಗದದ ಮಾತು ಅಲ್ಲೇ ಹೇಳೋಣು."

ಅಪ್ಪ ದನಿ ಎತ್ತಿರಲಿಲ್ಲ. ಅವನು ಹೀಗೆ ಮಾತಾಡಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ತಮ್ಮ ಫೋನ್ ತೆಗೆದ, ಅಣ್ಣನೊಂದಿಗೆ ಏನೋ ಗೊಣಗಿದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಪೊಲೀಸರು ಬರಲಿಲ್ಲ.

ಒಂಬತ್ತು ದಿನ ಅಪ್ಪ ಅಲ್ಲೇ ಕೂತ. ತಮ್ಮನ ಹೆಂಡತಿ ದಿನಾ ಬೆಳಿಗ್ಗೆ ಅವನ ಸುತ್ತ ಫಿನಾಯಿಲ್ ಸುರಿಯುತ್ತಿದ್ದಳು. ಅವನು ಕಂಬಳಿಯ ಅಂಚು ಎತ್ತಿಕೊಳ್ಳುತ್ತಿದ್ದ, ಒಣಗಿದ ಮೇಲೆ ಮತ್ತೆ ಹಾಸುತ್ತಿದ್ದ. ನೀರು ಅವನೇ ಹೊತ್ತು ತಂದ. ನಾವು ಪರೀಕ್ಷೆಗೆ ಹೊರಟಾಗ ಗೇಟಿನ ತನಕ ಬಂದು, ನಾವು ತಿರುವು ದಾಟುವವರೆಗೆ ನಿಂತಿರುತ್ತಿದ್ದ. ಕೊನೆಯ ಪೇಪರಿನ ಮರುದಿನ ಸಾಮಾನು ಆಟೋಕ್ಕೆ ಹಾಕಿದೆವು. ತಮ್ಮನ ಹೆಂಡತಿ ಮೇಲೆ ಹೋಗಿ, ಗೋಡೆಗೆ ಎಷ್ಟು ಮೊಳೆ ಹೊಡೆದಿದ್ದೇವೆ ಎಂದು ಎಣಿಸಿ ಬಂದಳು.

ಇಬ್ಬರೂ ಪಾಸಾದೆವು. ನನ್ನ ಎರಡನೇ ಪೇಪರಿನ ಅಂಕ ಹೇಳುವಂಥದ್ದಲ್ಲ.

ಮುಂದಿನ ವರ್ಷ ರೈಲ್ವೆ ಗೇಟಿನ ಆಚೆ ತಗಡಿನ ಮಾಡಿನ ಒಂದು ಕೋಣೆ ಹಿಡಿದೆವು. ಕ್ಯಾಂಪಸ್ಸಿಗೆ ಮುಕ್ಕಾಲು ಗಂಟೆಯ ನಡಿಗೆ. ಸೇರಿದ ದಿನವೇ ಪಕ್ಕದ ಮನೆಯಾಕೆ ಎರಡು ಲೋಟ ಮಜ್ಜಿಗೆ ತಂದಳು. "ಬಿಸಲಾಗ ಸಾಮಾನು ಹೊತ್ತೀರಿ, ಕುಡೀರಿ," ಎಂದಳು.

"ಯಾಕ ಕೊಡಾಕತ್ತೀರಿ?" ಎಂದು ಕೇಳಿದೆ. ನನ್ನ ದನಿ ಎಷ್ಟು ಒರಟಾಗಿತ್ತೆಂದರೆ ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. ಲೋಟಗಳನ್ನು ಕಿಟಕಿಯಲ್ಲಿಟ್ಟು ಹೊರಟುಹೋದಳು. ಗೆಳತಿ ನನ್ನನ್ನು ಬೈಯಲಿಲ್ಲ. ತನ್ನ ಲೋಟ ಕುಡಿದು, ನನ್ನದನ್ನು ಮುಂದೆ ಹಿಡಿದಳು. ನಾನು ಬೇಡವೆಂದೆ. ಅದನ್ನೂ ಅವಳೇ ಕುಡಿದು, ಎರಡೂ ಲೋಟ ತೊಳೆದು, ಪಕ್ಕದ ಮನೆಗೆ ಕೊಟ್ಟುಬರಲು ಎದ್ದಳು.