ಒಂದಾದರೆ ಬಾ, ಎರಡಾದರೆ ಹೋಗು

ಸಿದ್ಧೇಶ ಘಾಡಿ ಕೊಂಕಣದ ಕುಡಾಳ ಡಿಪೊದಲ್ಲಿ ಸರ್ಕಾರಿ ಎಸ್‌ಟಿ ಬಸ್ಸಿನ ಕಂಡಕ್ಟರ್. ವಯಸ್ಸು ಇಪ್ಪತ್ತೇಳು. ತನಗೆ ಸರಿಯಾಗಿ ಓದಲು ಬರುವುದು ಎರಡೇ, ಹರಿದ ನೋಟು ಮತ್ತು ಅವಧಿ ಮುಗಿದ ಪಾಸು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹರಿದ ನೋಟಿನ ವಿಷಯದಲ್ಲೂ ವಾರಕ್ಕೊಮ್ಮೆ ಯಾರಾದರೂ ಅವನನ್ನು ಯಾಮಾರಿಸುತ್ತಿದ್ದರು.

ಅವನದು ವಸ್ತಿ ಗಾಡಿ. ಸಂಜೆ ಐದಕ್ಕೆ ಕುಡಾಳ ಬಿಟ್ಟು, ಘಾಟಿ ಹತ್ತಿ, ವಾಘಖೋಲ ಎಂಬ ಕೊನೆಯ ಊರಿನಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಏಳಕ್ಕೆ ಮತ್ತೆ ಇಳಿಯುವ ಬಸ್ಸು. ಡ್ರೈವರ್ ಭಿಕಾಜಿ ತಾವಡೆ, ನಿವೃತ್ತಿಗೆ ಮೂರು ವರ್ಷ ಉಳಿದ ಮನುಷ್ಯ. ವಾಘಖೋಲಕ್ಕೆ ಆರು ಕಿಲೋಮೀಟರ್ ಮೊದಲು ಒಂದು ಕವಲು. ಅಲ್ಲಿಂದ ಒಳಗೆ ಬಾಂಬರವಾಡಿ. ಕಾಗದದ ಪ್ರಕಾರ ಬಸ್ಸು ದಿನವೂ ಒಳಗೆ ಹೋಗಿ ತಿರುಗಿಸಿಕೊಂಡು ಬರಬೇಕು. ಅದಕ್ಕೆ ಇಪ್ಪತ್ತು ನಿಮಿಷ ಬೇಕು, ಮತ್ತೆ ರಸ್ತೆ ಎಂದು ಕರೆಯುವ ಆ ಕಲ್ಲುರಾಶಿಯ ಮೇಲೆ ಸವೆಸಲು ತಾವಡೆಯ ಸೊಂಟವೂ ಬೇಕು. ಹಾಗಾಗಿ ಊರವರೂ ಬಸ್ಸಿನವರೂ ಸೇರಿ ಎಂದೋ ಒಂದು ಒಪ್ಪಂದ ಮಾಡಿಕೊಂಡಿದ್ದರು. ಬಾಂಬರವಾಡಿಯಿಂದ ಹತ್ತುವವರು ಇದ್ದರೆ ಕಂಡಕ್ಟರಿಗೆ ಒಂದು ಮಿಸ್ಡ್ ಕಾಲ್. ಯಾರೂ ಇಲ್ಲದಿದ್ದರೆ ಬೆನ್ನುಬೆನ್ನಿಗೆ ಎರಡು. ಬಸ್ಸಿನ ಗಂಟೆಯ ಲೆಕ್ಕವೇ ಇದು, ಒಂದಕ್ಕೆ ನಿಲ್ಲುವುದು, ಎರಡಕ್ಕೆ ಹೊರಡುವುದು. ಏನೂ ಬರದಿದ್ದರೆ ಒಳಗೆ ಹೋಗಿ ನೋಡುವುದು.

ಈ ಕೆಲಸಕ್ಕೆ ಸಿದ್ಧೇಶನ ಬಳಿ ರಬ್ಬರ್ ಬ್ಯಾಂಡ್ ಸುತ್ತಿದ ಗುಂಡಿ ಫೋನು ಧಾರಾಳವಾಗಿ ಸಾಕಿತ್ತು. ಅದರಲ್ಲಿ ಸರ್ಕಾರಿ ಕಂಪನಿಯ ಸಿಮ್ಮು. ಘಾಟಿಯ ಮೇಲೆ ಇರುವುದೇ ಆ ಕಂಪನಿಯ ಒಂದು ಟವರು.

ಮಿಸ್ಡ್ ಕಾಲ್ ಕೊಡುವವರಲ್ಲಿ ಮುಖ್ಯಳು ಶೇವಂತಿ, ಎಲ್ಲರ ಬಾಯಲ್ಲೂ ಮಾವಶಿ, ಅಂದರೆ ಚಿಕ್ಕಮ್ಮ. ಬಾಂಬರವಾಡಿಯ ಅಂಗನವಾಡಿ ಟೀಚರ್, ಮನೆ ವಾಘಖೋಲದಲ್ಲಿ. ಸಿದ್ಧೇಶನಿಗೆ ತನ್ನ ಅಕ್ಕನ ಮಗಳು ಪ್ರಣಾಲಿಯ ಸಂಬಂಧ ತಂದವಳೂ ಅವಳೇ. ಹುಡುಗಿ ಚಿಪಳೂಣದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಫೋಟೊ ಎರಡೂ ಕಡೆ ಹೋಗಿ ಬಂದಿತ್ತು. ಒಂದು ಶನಿವಾರ ಬೆಳಿಗ್ಗೆ ಬಾಂಬರವಾಡಿಯಲ್ಲಿ ಇಳಿಯುವಾಗ ಮಾವಶಿ ಮೆಟ್ಟಿಲ ಮೇಲೆ ನಿಂತು ಹೇಳಿದಳು.

"ನೋಡು ಬಾಬಾ, ಪನವೇಲಿನ ಬ್ಯಾಂಕಿನವನೊಬ್ಬನೂ ಕೇಳಿದ್ದಾನೆ. ಶುಕ್ರವಾರ ಬೆಳಿಗ್ಗೆ ಅವಳು ಅಪ್ಪನಿಗೆ ಯಾರು ಅಂತ ಹೇಳ್ಬೇಕು. ಗುರುವಾರ ಸಂಜೆ ಏಳೂವರೆಗೆ ನಿನಗೆ ಕಾಲ್ ಮಾಡ್ತಾಳೆ. ಇಬ್ಬರೂ ಒಮ್ಮೆ ಮಾತಾಡಿ ನೋಡಿ."

ಸಿದ್ಧೇಶನ ಕಿವಿಗೆ 'ಮಾತಾಡಿ' ಬೀಳಲಿಲ್ಲ, 'ನೋಡಿ' ಬಿತ್ತು. ನೋಡಬೇಕೆಂದರೆ ವಿಡಿಯೋ. ವಿಡಿಯೋ ಎಂದರೆ ರಬ್ಬರ್ ಬ್ಯಾಂಡಿನ ಫೋನು ಆಗದು. ಎದುರಾಳಿ ಬ್ಯಾಂಕಿನವನು, ಅವನ ಫೋನು ಹೇಗಿರುತ್ತದೋ ಎಂದು ಯೋಚಿಸುತ್ತ ಆ ಟ್ರಿಪ್ಪಿನಲ್ಲಿ ಅವನು ಒಬ್ಬ ಅಜ್ಜನಿಗೆ ಅರ್ಧ ಟಿಕೆಟ್ ಬದಲು ಪೂರ್ತಿ ಟಿಕೆಟ್ ಹರಿದ.

ಭಾನುವಾರ ಕುಡಾಳ ಪೇಟೆಯ ಮಸುರಕರ್ ಅಂಗಡಿಗೆ ಹೋದ. ಮಸುರಕರ್ ಗಾಜಿನ ಕಪಾಟಿನ ಹಿಂದೆ ಕೂತು ಸೋಲಕಢಿ ಕುಡಿಯುತ್ತಿದ್ದ.

"ಯಾವ ಥರದ್ದು ಬೇಕು, ಕಂಡಕ್ಟರ್ ಸಾಹೇಬ್ರೇ?"

"ಕ್ಯಾಮೆರಾ ಚೆನ್ನಾಗಿರ್ಬೇಕು."

"ಹಿಂದಿಂದೋ, ಮುಂದಿಂದೋ?"

"ಮುಂದಿಂದು."

"ಮದುವೆ ಮಾತುಕತೆ." ಮಸುರಕರ್ ಕೇಳಲಿಲ್ಲ, ಹೇಳಿದ. "ಹಿಂದಿನ ಕ್ಯಾಮೆರಾ ಕೇಳೋರು ಮದುವೆ ಆಗಿ ಮಕ್ಕಳಾದೋರು. ಮುಂದಿನದು ಕೇಳೋರು ಇನ್ನೂ ಆಗದೋರು. ಹದಿನೈದು ವರ್ಷದಲ್ಲಿ ನನ್ನ ಲೆಕ್ಕ ತಪ್ಪಿಲ್ಲ."

ನಾಲ್ಕು ಡಬ್ಬಿ ಬಿಚ್ಚಿದ. ಸಿದ್ಧೇಶ ಒಂದೊಂದನ್ನೂ ಮುಖದ ಮುಂದೆ ಹಿಡಿದು ನೋಡಿದ. ಮೊದಲನೆಯದರಲ್ಲಿ ಅವನು ಅವನ ಹಾಗೆಯೇ ಕಂಡ, ಅದನ್ನು ತಕ್ಷಣ ಬದಿಗಿಟ್ಟ. ಮೂರನೆಯದರಲ್ಲಿ ಹೊಳಪಿನ ವ್ಯವಸ್ಥೆ ಇತ್ತು. ಕೆನ್ನೆಯ ಮೊಡವೆಯ ಕಲೆಗಳು ಮಾಯವಾಗಿ ಮುಖ ಆಗಷ್ಟೇ ಬೇಯಿಸಿ ತೆಗೆದ ಮೋದಕದ ಹಾಗೆ ಬೆಳ್ಳಗೆ ನುಣ್ಣಗೆ ಬಂತು.

"ಇದು," ಎಂದ ಸಿದ್ಧೇಶ.

"ಹುಡುಗಿ ಎದುರಿಗೆ ಸಿಕ್ಕಾಗ ಏನು ಮಾಡ್ತೀರಿ?"

"ಆಗ ನೋಡ್ಕೊಳ್ಳೋಣ."

ಹದಿನೇಳು ಸಾವಿರ ಚಿಲ್ಲರೆ. ಕೊಟ್ಟ. ಇನ್ನು ಪ್ಲಾನು. ಮಸುರಕರ್ ಒಂದು ಹಾಳೆ ಮುಂದಿಟ್ಟ. ದಿನಕ್ಕೆ ಒಂದು ಜಿಬಿ, ಒಂದೂವರೆ, ಎರಡು, ಎರಡೂವರೆ. ಇಪ್ಪತ್ತೆಂಟು ದಿನ, ಐವತ್ತಾರು, ಎಂಬತ್ತನಾಲ್ಕು. ಸಿದ್ಧೇಶ ಅದನ್ನು ದರಪಟ್ಟಿ ಓದುವವನಂತೆ ಬೆರಳಿಟ್ಟು ಓದಿದ.

"ತಿಂಗಳಿಗೆ ಇಪ್ಪತ್ತೆಂಟೇ ದಿನ ಯಾಕೆ?"

"ಕಂಪನಿಯ ತಿಂಗಳು ಹಾಗೇ."

"ನಾನು ಇಪ್ಪತ್ತೆಂಟು ದಿನದ ಪಾಸು ಕೊಟ್ರೆ ಜನ ಬಸ್ಸಿಗೆ ಕಲ್ಲು ಹೊಡೀತಾರೆ."

"ಅದಕ್ಕೇ ನೀವು ಕಂಡಕ್ಟರ್, ಅವರು ಕಂಪನಿ. ಎರಡೂವರೆ ಜಿಬಿದು ತಗೊಳ್ಳಿ, ಕಣ್ಣು ಮುಚ್ಚಿ. ವಿಡಿಯೋ ಒಂದು ಸಲವೂ ತಡವರಿಸೋದಿಲ್ಲ. ನಂಬರು ಅದೇ ಇರುತ್ತೆ, ಕಂಪನಿ ಮಾತ್ರ ಬದಲಾಗುತ್ತೆ. ಈ ಸರ್ಕಾರಿ ಸಿಮ್ಮು ಇಟ್ಕೊಂಡು ಯಾರನ್ನು ನೋಡ್ತೀರಿ? ಅರ್ಧ ಮೂಗು ಬರೋಷ್ಟರಲ್ಲಿ ಹುಡುಗಿ ಊಟಕ್ಕೆ ಎದ್ದಿರ್ತಾಳೆ."

"ವಾಘಖೋಲದಲ್ಲಿ ರೇಂಜ್ ಸಿಗುತ್ತಾ?"

ಈ ಪ್ರಶ್ನೆ ಕೇಳಿದ್ದ ಎಂಬುದನ್ನು ಅವನ ಲೆಕ್ಕಕ್ಕೆ ಬರೆಯಲೇಬೇಕು. ಮಸುರಕರ್ ಕಂಪ್ಯೂಟರ್ ತಿರುಗಿಸಿ ನಕ್ಷೆ ತೋರಿಸಿದ. ಕೊಂಕಣವೆಲ್ಲ ನೇರಳೆ ಬಣ್ಣ. ಕಡಲೊಳಗೂ ಎರಡು ಬೆರಳಷ್ಟು ನೇರಳೆ. ಮೀನಿಗೂ ಸಿಗುವುದು ವಾಘಖೋಲಕ್ಕೆ ಸಿಗದೇ ಎಂದುಕೊಂಡ ಸಿದ್ಧೇಶ. ನಕ್ಷೆಯ ಬುಡದಲ್ಲಿ ಇರುವೆಯ ಸಾಲಿನಂಥ ಅಕ್ಷರದಲ್ಲಿ 'ಅಂದಾಜು ಮಾತ್ರ' ಎಂದಿತ್ತು. ಪಾಸಿನ ಮೇಲಿನ ಅಳಿಸಿದ ತಾರೀಖನ್ನು ಬೆಳಕಿಗೆ ಹಿಡಿದು ಹುಡುಕುವವನು ಅದನ್ನು ಓದಲಿಲ್ಲ.

"ಒಂದ್ಸಲ ಬದಲಾಯಿಸಿದ್ರೆ ಮೂರು ತಿಂಗಳು ವಾಪಸ್ ಹೋಗೋ ಹಾಗಿಲ್ಲ," ಎಂದ ಮಸುರಕರ್, ಅದೂ ಒಂದು ಸೌಲಭ್ಯವೆಂಬಂತೆ.

ಬದಲಾವಣೆಗೆ ನಾಲ್ಕು ದಿನ ಹಿಡಿಯಿತು. ಗುರುವಾರ ಮಧ್ಯಾಹ್ನ ಹಳೆಯ ಸಿಮ್ಮು ಸತ್ತು ಹೊಸದು ಎದ್ದಿತು. ಡಿಪೊದ ಕ್ಯಾಂಟೀನಿನಲ್ಲಿ ರೇಂಜಿನ ಗೆರೆಗಳು ತುಂಬಿ ತುಳುಕುತ್ತಿದ್ದವು. ಸಿದ್ಧೇಶ ತಾವಡೆಗೆ ವಿಡಿಯೋ ಕಾಲ್ ಮಾಡಿ ತೋರಿಸಬೇಕೆಂದುಕೊಂಡ, ಆದರೆ ತಾವಡೆಯ ಫೋನಿನಲ್ಲಿ ಕ್ಯಾಮೆರಾ ಇರಲಿಲ್ಲ.

"ಚೆನ್ನಾಗಿದೆ," ಎಂದ ತಾವಡೆ ಫೋನನ್ನು ತಿರುಗಿಸಿ ನೋಡಿ. "ಬೆನ್ನು ಕನ್ನಡಿ ಹಾಗೆ ಹೊಳೀತದೆ. ಗಡ್ಡ ಮಾಡ್ಕೊಳ್ಳಬಹುದು."

ಘಾಟಿಯ ಮೂರನೆಯ ತಿರುವಿನಲ್ಲಿ ಗೆರೆಗಳು ನಾಲ್ಕರಿಂದ ಎರಡಾದವು. ಐದನೆಯದರಲ್ಲಿ ಒಂದು. ಏಳನೆಯ ತಿರುವಿನಲ್ಲಿ ಅದೂ ಇಳಿದುಹೋಯಿತು. ಮೇಲೆ ಹೋದರೆ ಬಂದೀತು ಎಂದು ಸಿದ್ಧೇಶ ತನಗೆ ತಾನೇ ಟಿಕೆಟ್ ಹರಿದುಕೊಂಡ.

ಕವಲು ಬಂದಾಗ ಆರೂ ಮುಕ್ಕಾಲು. ತಾವಡೆ ಬಸ್ಸು ನಿಧಾನಿಸಿದ.

"ಶೇವಂತಿದು ಬಂತಾ? ಒಂದೋ ಎರಡೋ?"

ಏನೂ ಬಂದಿರಲಿಲ್ಲ. ಏನೂ ಬರದಿದ್ದರೆ ಒಳಗೆ ಹೋಗಬೇಕು. ಒಳಗೆ ಹೋದರೆ ವಾಘಖೋಲ ತಲುಪುವುದು ಏಳೂ ಇಪ್ಪತ್ತಕ್ಕೆ. ಮುಖ ತೊಳೆಯಬೇಕು, ಇಸ್ತ್ರಿ ಅಂಗಿ ಹಾಕಬೇಕು, ತಾವು ರಾತ್ರಿ ಮಲಗುವ ಶಾಲೆಯ ಜಗಲಿಯಲ್ಲಿ ಬೆಳಕು ಮುಖದ ಮೇಲೆ ಬೀಳುವ ಜಾಗ ಹುಡುಕಬೇಕು. ಹತ್ತು ನಿಮಿಷದಲ್ಲಿ ಬ್ಯಾಂಕಿನವನನ್ನು ಸೋಲಿಸಲು ಆದೀತೇ?

ಸಿದ್ಧೇಶ ಗಂಟೆಯ ಹಗ್ಗ ಎಳೆದ. ಎರಡು ಸಲ.

ತಾವಡೆ ಕನ್ನಡಿಯಲ್ಲಿ ಒಮ್ಮೆ ನೋಡಿ, ನೇರ ಹೋದ. ಸೊಂಟಕ್ಕೂ ಒಂದು ಅಭಿಪ್ರಾಯ ಇರುತ್ತದೆ.

ಏಳೂ ಇಪ್ಪತ್ತಕ್ಕೆ ಸಿದ್ಧೇಶ ಶಾಲೆಯ ಜಗಲಿಯಲ್ಲಿ ತಲೆ ಬಾಚಿ, ಟ್ಯೂಬ್‌ಲೈಟಿನ ಕೆಳಗೆ ಬೆಂಚು ಎಳೆದು, ಪೌಡರ್ ಹಾಕಿ ಕೂತಿದ್ದ. ಏಳೂವರೆ ಆಯಿತು. ಫೋನಿನ ನೆತ್ತಿಯ ಮೇಲೆ ರೇಂಜ್ ಇಲ್ಲದ ಗುರುತು. ಎದ್ದು ಧ್ವಜದ ಕಂಬದ ಬಳಿ ಹೋದ. ಬಾವಿಕಟ್ಟೆ ಹತ್ತಿದ. ಫೋನಿಟ್ಟ ಕೈ ಮೇಲೆತ್ತಿಕೊಂಡು ಮೈದಾನ ಸುತ್ತಿದ.

"ಮಳೆ ಬರ್ತದಾ ನೋಡ್ತಿದ್ದೀಯಾ?" ಎಂದ ತಾವಡೆ, ಚಾಪೆ ಬಿಚ್ಚುತ್ತ.

"ಕಾಕಾ, ಇಲ್ಲಿ ಇದಕ್ಕೆ ರೇಂಜೇ ಇಲ್ಲ."

"ಈ ಘಾಟಿಯಲ್ಲಿ ಎರಡು ವರ್ಷದಿಂದ ಮಲಗ್ತಿದ್ದೀಯಲ್ಲೋ. ಯಾವ ಟವರು ಇದೆ ಅಂತ ಅಂಗಡಿಯವನು ಹೇಳ್ಬೇಕಾಯ್ತಾ?"

ಏಳೂ ಮುಕ್ಕಾಲಿಗೆ ಗೋಡಂಬಿ ಮೂಟೆ ಹೊತ್ತ ಟೆಂಪೊ ಒಂದು ಶಾಲೆಯ ಮುಂದೆ ನಿಂತಿತು. ಮೂಟೆಗಳ ನಡುವಿನಿಂದ ಶೇವಂತಿ ಮಾವಶಿ ಇಳಿದಳು. ಸೀರೆಗೆಲ್ಲ ಗೋಡಂಬಿ ಸಿಪ್ಪೆಯ ಧೂಳು.

"ಮೇಲ್ಯಾ!" ಎಂದಳು. ಸತ್ತವನೇ ಎಂಬರ್ಥದ ಈ ಮಾತನ್ನು ಆ ಸೀಮೆಯಲ್ಲಿ ಪ್ರೀತಿಗೂ ಬಳಸುತ್ತಾರೆ, ಕೋಪಕ್ಕೂ ಬಳಸುತ್ತಾರೆ. ಇದು ಪ್ರೀತಿಯಾಗಿರಲಿಲ್ಲ. "ಆರು ಸಲ ಕೊಟ್ಟೆ ನಿನಗೆ. ಆರು! ಒಂದೂ ಹೋಗ್ಲಿಲ್ಲ. ಕೊಟ್ಟು ಕೊಟ್ಟು ನನ್ನ ಫೋನೇ ಸತ್ತಿತು. ಅಲ್ಲಿ ನಿಂತು ನೋಡ್ತೀನಿ, ಕವಲಲ್ಲಿ ದೀಪ ಹಾಕ್ಕೊಂಡು ಬಸ್ಸು ಸೀದಾ ಹೋಯ್ತು! ನನ್ನ ಅಕ್ಕನ ಮಗಳನ್ನು ಕೊಡೋಕೆ ಹೊರಟಿದ್ದು ನಿನಗಾ?"

"ಮಾವಶಿ, ಕಂಪನಿ ಬದಲಾಯಿಸಿದೆ..."

"ಊರು ಬದಲಾಯಿಸು ಇನ್ನು! ಅವಳು ಮಾಡಿದ್ಲಾ?"

"ಮಾಡಿದ್ರೂ ಇದಕ್ಕೆ ಬರೋದಿಲ್ಲ."

ಮಾವಶಿ ಅವನ ಇಸ್ತ್ರಿ ಅಂಗಿ, ಪೌಡರು, ಬೆಂಚು ಮೂರನ್ನೂ ಕ್ರಮವಾಗಿ ನೋಡಿದಳು. ಕೈ ತಾವಡೆಯ ಕಡೆ ಚಾಚಿದಳು. ತಾವಡೆ ಸರ್ಕಾರಿ ಸಿಮ್ಮಿನ ತನ್ನ ಗುಂಡಿ ಫೋನು ಕೊಟ್ಟ. ಅದು ಸ್ಪೀಕರಿನಲ್ಲಿ ಮಾತ್ರ ಮಾತಾಡುತ್ತಿತ್ತು, ಕಿವಿಗೆ ಹಿಡಿದರೆ ಏನೂ ಕೇಳಿಸದು. ಗುರುತಿಲ್ಲದ ನಂಬರನ್ನು ಪ್ರಣಾಲಿ ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿದಳು. ಮಾವಶಿ ನಡೆದದ್ದನ್ನೆಲ್ಲ, ಗೋಡಂಬಿ ಮೂಟೆಯ ವಾಸನೆ ಸಮೇತ ವರದಿ ಮಾಡಿ, ಫೋನನ್ನು ಬೆಂಚಿನ ಮೇಲೆ ಇಟ್ಟು, ತಾನೂ ಅಲ್ಲೇ ಕೂತಳು.

"ಹಲೋ," ಎಂದಿತು ಬೆಂಚು. "ನಮ್ಮ ಮಾವಶಿಯನ್ನ ಯಾಕೆ ಬಿಟ್ಟು ಹೋದ್ರಿ?"

ರೇಂಜ್ ಇರಲಿಲ್ಲ ಎಂದರೆ ಮುಗಿಯುತ್ತಿತ್ತು. ಅದು ಸುಳ್ಳೂ ಅಲ್ಲ. ಆದರೆ ಏನೂ ಬರದಿದ್ದರೆ ಒಳಗೆ ಹೋಗಬೇಕೆಂಬುದು ಗೊತ್ತಿದ್ದ ಇಬ್ಬರು ಎದುರಿಗೇ ಕೂತಿದ್ದರು.

"ನನ್ನದೇ ತಪ್ಪು," ಎಂದ ಸಿದ್ಧೇಶ. "ಒಳಗೆ ಹೋಗ್ಬೇಕಿತ್ತು. ಹೋದ್ರೆ ತಲೆ ಬಾಚ್ಕೊಳ್ಳೋಕೆ ಟೈಮ್ ಸಿಗ್ತಿರ್ಲಿಲ್ಲ."

"ತಲೆ ಯಾಕೆ ಬಾಚ್ಕೋಬೇಕಿತ್ತು?"

"ವಿಡಿಯೋ ಕಾಲ್ ಅಲ್ವಾ."

"ವಿಡಿಯೋ ಅಂತ ಯಾರು ಹೇಳಿದ್ದು?"

"ಮಾವಶಿ. ನೋಡಿ ಅಂದ್ರು."

"ಮಾತಾಡಿ ನೋಡಿ ಅಂದೆ ಕಣೋ!" ಎಂದಳು ಮಾವಶಿ. "ಉಪ್ಪು ಹಾಕಿ ನೋಡು ಅಂದ್ರೆ ಉಪ್ಪನ್ನ ಕನ್ನಡಕ ಹಾಕ್ಕೊಂಡು ನೋಡ್ತೀಯಾ?"

ಬೆಂಚಿನಿಂದ ಒಂದು ಸದ್ದು ಬಂತು. ನಗುವೋ, ಟವರಿನ ತೊಂದರೆಯೋ ಗೊತ್ತಾಗಲಿಲ್ಲ.

"ಇದಕ್ಕಾಗಿ ಹೊಸ ಫೋನ್ ತಗೊಂಡ್ರಾ?"

"ಹ್ಞೂಂ."

"ಈಗ ಅದು ಏನು ಮಾಡ್ತಿದೆ?"

ಸಿದ್ಧೇಶ ನೋಡಿದ. "ಟೈಮ್ ತೋರಿಸ್ತಿದೆ. ಸರಿಯಾಗೇ ತೋರಿಸ್ತಿದೆ."

ಆಮೇಲೆ ಅವಳು ಅವನ ಸಂಬಳ ಕೇಳಲಿಲ್ಲ. ವಾರಕ್ಕೆ ಎಷ್ಟು ದಿನ ಮನೆಯಲ್ಲಿರುತ್ತೀರಿ ಎಂದು ಕೇಳಿದಳು. ಮೂರು ಎಂದ. ರಕ್ತ ಕಂಡರೆ ಹೆದರಿಕೆಯೇ ಎಂದಳು. ತನ್ನದಾದರೆ ಹೌದು ಎಂದ. ಮಿಸ್ಡ್ ಕಾಲಿನ ಲೆಕ್ಕ ಏನೆಂದು ಬಿಡಿಸಿ ಕೇಳಿದಳು. ಒಂದಾದರೆ ಬಾ, ಎರಡಾದರೆ ಹೋಗು ಎಂದು ಹೇಳಿದ.

"ಸರಿ," ಎಂದಳು. "ನಾಳೆ ಬೆಳಿಗ್ಗೆ ಅಪ್ಪನ ಹತ್ರ ಮಾತಾಡಿದ ಮೇಲೆ ಇದೇ ನಂಬರಿಗೆ ಕೊಡ್ತೀನಿ. ಒಂದೋ, ಎರಡೋ."

ಶುಕ್ರವಾರ ಏಳಕ್ಕೆ ಬಸ್ಸು ಹೊರಟಿತು. ತಾವಡೆ ಹೊರಡುವ ಮೊದಲೇ ತನ್ನ ಫೋನನ್ನು ಸಿದ್ಧೇಶನ ಕೈಗಿತ್ತಿದ್ದ. ಮಾವಶಿ ಬೇರೆ ಬಸ್ಸಿಲ್ಲದ ಕಾರಣ ದಿನವೂ ಇದರಲ್ಲೇ ಇಳಿಯುವವಳು, ಮೊದಲ ಸೀಟಿನಲ್ಲಿ ಕೂತಿದ್ದಳು. ಸಿದ್ಧೇಶ ಟಿಕೆಟ್ ಯಂತ್ರವನ್ನು ಒಂದು ಕೈಯಲ್ಲಿ, ಗುಂಡಿ ಫೋನನ್ನು ಇನ್ನೊಂದರಲ್ಲಿ ಹಿಡಿದು, ಚಿಲ್ಲರೆ ಕೊಡಲು ಮೂರನೆಯ ಕೈ ಇಲ್ಲದೆ ಒದ್ದಾಡುತ್ತಿದ್ದ.

ಕವಲಿಗೆ ಸ್ವಲ್ಪ ಮೊದಲು ಫೋನು ಬಡಿದುಕೊಂಡಿತು, ಪ್ರಣಾಲಿಯ ನಂಬರು. ಒಮ್ಮೆ. ನಿಂತಿತು.

ತಾವಡೆ ಗೇರು ಇಳಿಸಿದ. ಬಸ್ಸು ಕವಲಿನಲ್ಲಿ ನಿಂತು ಗಡಗಡ ನಡುಗುತ್ತಿತ್ತು. ಸಿದ್ಧೇಶ ಫೋನನ್ನೇ ನೋಡುತ್ತಿದ್ದ. ಎರಡನೆಯದು ಬೆನ್ನಿಗೇ ಬರಬೇಕು. ಒಂದು ಉಸಿರು, ಎರಡು ಉಸಿರು. ರೇಂಜಿನ ಗೆರೆ ಎಣಿಸಿದ, ಪೂರ್ತಿ ಇತ್ತು.

"ಏನಪ್ಪಾ," ಎಂದ ತಾವಡೆ ಹಿಂದೆ ತಿರುಗದೆ. "ಒಂದೋ ಎರಡೋ?"

"ಇಲ್ಲಿಯವರೆಗೆ ಒಂದು."

"ಇಲ್ಲಿಯವರೆಗೆ ಅಂದ್ರೆ ಏನು? ನಿನ್ನೆ ಗಂಟೆ ಹೊಡೆಯೋವಾಗ ಇಷ್ಟು ಯೋಚನೆ ಮಾಡ್ಲಿಲ್ಲವಲ್ಲ. ಒಂದು ಬಂದ್ರೆ ಒಳಗೆ ಹೋಗ್ಬೇಕು."

"ಬಂದ್ರೂ ಬರದಿದ್ರೂ ನಾನು ಒಳಗೇ ಇಳೀಬೇಕು," ಎಂದಳು ಮಾವಶಿ. "ಮಕ್ಕಳಿಗೆ ಉಸಳಿ ಬೇಯಿಸೋಕಿದೆ. ನಡೀರಿ ಮೊದಲು."

ಸಿದ್ಧೇಶ ಎರಡು ಸಲ ಹಗ್ಗ ಎಳೆದ. ಬಸ್ಸು ಬಾಂಬರವಾಡಿಯ ಕಲ್ಲುಗಳ ಮೇಲೆ ಹೊರಳಾಡುತ್ತ ಹೋಗಿ, ಮಾವಶಿಯನ್ನು ಇಳಿಸಿ, ತಿರುಗಿಸಿಕೊಂಡು ಬಂತು. ಇಪ್ಪತ್ತು ನಿಮಿಷದಲ್ಲಿ ಫೋನು ಅಲುಗಲಿಲ್ಲ.

ಮತ್ತೆ ಬಡಿದುಕೊಂಡದ್ದು ಘಾಟಿ ಇಳಿದ ಮೇಲೆ, ಕುಡಾಳ ಇನ್ನು ಎರಡು ಮೈಲಿ ಇದೆ ಎನ್ನುವಾಗ. ಸಿದ್ಧೇಶನ ಕೈಯಿಂದ ಟಿಕೆಟ್ ಯಂತ್ರ ಜಾರಿತು. ಈ ಸಲ ಅದು ನಿಲ್ಲದೆ ಬಡಿದುಕೊಳ್ಳುತ್ತಲೇ ಇತ್ತು. ಗುಂಡಿ ಒತ್ತಿದ.

"ಬರ್ತಾ ಬಂಗುಡೆ ತನ್ನಿ," ಎಂದು ತಾವಡೆಯ ಹೆಂಡತಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. "ನಿನ್ನೆ ತಂದ ಹಾಗೆ ಮೆತ್ತಗಿರೋದು ಬೇಡ. ಒತ್ತಿ ನೋಡಿ ತನ್ನಿ."