ಪಿಕಪ್ಪಿನ ಕಮಾನಿಗೆ ಇನ್ನೊಂದು ಪಟ್ಟಿ

ನನ್ನ ಪಿಕಪ್ಪಿನ ಹಿಂಭಾಗ ಈಗ ತುಸು ಎತ್ತರದಲ್ಲಿದೆ ಎಂಬುದು ಲೋಕಕ್ಕೆ ದೊಡ್ಡ ಸುದ್ದಿಯೇನಲ್ಲ. ಆದರೆ ಬೆಳಗ್ಗೆ ಎದ್ದು ಬಾಗಿಲಿಗೆ ಬಂದಾಗ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಹೋದ ವರ್ಷದವರೆಗೂ ಅದು ಕಾವಿಗೆ ಕೂತ ಕೋಳಿಯ ಹಾಗೆ ಹಿಂದೆ ಕುಸಿದು, ಮೂಗು ಮೇಲೆತ್ತಿಕೊಂಡೇ ಸಂಚರಿಸುತ್ತಿತ್ತು. ದೀಪ ಹಾಕಿದರೆ ಬೆಳಕು ರಸ್ತೆ ಬಿಟ್ಟು ಆಕಾಶ ಬೆಳಗುತ್ತಿದ್ದುದರಿಂದ, ಜಿಗಣಿಯ ಗುಂಡಿಗಳನ್ನು ನಾನು ದೈವಾನುಗ್ರಹದಿಂದಲೇ ತಪ್ಪಿಸಬೇಕಾಗಿತ್ತು.

ಕಾರಣ, ಹಿಂದೆ ಕಟ್ಟಿದ್ದ ಟ್ರೇಲರು. ಮಗಳು ಸುಮಾ ಅದರಲ್ಲಿ ಇಡ್ಲಿ ವ್ಯಾಪಾರ ಮಾಡುತ್ತಿದ್ದಳು. ನಸುಕಿಗೆ ಹೊರಟು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಗೇಟಿನೆದುರು ಅದನ್ನು ನಿಲ್ಲಿಸಿ ಬರುವ ಸಾರಥ್ಯ ನನ್ನದು. ಸಾರಥಿಯಾದವನು ಉಪದೇಶ ಮಾಡುತ್ತಾನೆಂಬುದು ಪುರಾಣದ ಮಾತು; ನಮ್ಮ ರಥದಲ್ಲಿ ಉಪದೇಶವೆಲ್ಲ ಪಕ್ಕದ ಸೀಟಿನಿಂದಲೇ ಬರುತ್ತಿತ್ತು.

"ಅಪ್ಪಾ, ಹಂಪ್ ಬಂತು, ನಿಧಾನ! ಹಿಟ್ಟು ಚೆಲ್ಲೋಗುತ್ತೆ!"

ಕುಸಿತಕ್ಕೆ ಮದ್ದು ಕಂಡುಹಿಡಿಯಲು ಹೊರಟವನೂ ನಾನೇ. ನೀರಿನ ಡ್ರಮ್ಮುಗಳು ಟ್ರೇಲರನ್ನು ಪಿಕಪ್ಪಿಗೆ ಸಿಕ್ಕಿಸುವ ಕೊಕ್ಕೆಯ ಹತ್ತಿರವಿರುವುದೇ ಸಕಲ ಸಂಕಟದ ಮೂಲವೆಂದು ತರ್ಕಿಸಿ ಎಲ್ಲವನ್ನೂ ಟ್ರೇಲರಿನ ಬಾಲಕ್ಕೆ ಸರಿಸಿದೆ. ಮುಂದೆ ಭಾರವಾದರೆ ಎತ್ತಿನ ಕತ್ತಿಗೆ ಕಷ್ಟ, ಹಿಂದೆ ಭಾರವಾದರೆ ನೊಗವೇ ಮೇಲೇಳುತ್ತದೆ ಎಂಬುದು ಎತ್ತಿನಗಾಡಿ ಹೊಡೆದ ನಮ್ಮ ವಂಶಕ್ಕೆ ಹೊಸ ಪಾಠವೇನಲ್ಲ. ವಂಶೋದ್ಧಾರಕನಿಗೆ ಮಾತ್ರ ಅದು ನೆನಪಾಗಲಿಲ್ಲ. ಪಿಕಪ್ಪು ಬೆನ್ನೆತ್ತಿತು, ಸರಿ. ಟ್ರೇಲರು ಮಾತ್ರ ರಸ್ತೆಯುದ್ದಕ್ಕೂ ಆ ಕಡೆ ಈ ಕಡೆ ಓಲಾಡಿತು. ಒಂದು ತಿರುವಿನಲ್ಲಿ ನಿಲ್ಲಿಸಿ ಬಾಗಿಲು ತೆಗೆದರೆ ಗೋಡೆಗಳಿಗೆಲ್ಲ ಸಾಂಬಾರಿನ ಅಭಿಷೇಕವಾಗಿತ್ತು.

"ಇವತ್ತು ಬರೀ ಚಟ್ನಿ ಅಂತ ಬೋರ್ಡ್ ಹಾಕ್ಲಾ ಅಪ್ಪಾ?" ಎಂದು ಸುಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ತಿರುವಿಗೆ ಬಂದರೆ ನನಗೆ ಇವತ್ತಿಗೂ ಆ ನಗು ಕೇಳುತ್ತದೆ.

ಡ್ರಮ್ಮುಗಳು ಟ್ರೇಲರಿನ ಚಕ್ರದ ನೇರಕ್ಕೆ, ಚೂರು ಮುಂದಕ್ಕೆ ಬಂದವು. ಉಳಿದ ಕುಸಿತಕ್ಕೆ ಮೆಕ್ಯಾನಿಕ್ ಬಾಷಾ ಪಿಕಪ್ಪಿನ ಹಿಂದಿನ ಕಮಾನಿಗೆ, ಅಂದರೆ ಚಕ್ರದ ಮೇಲೆ ಭಾರ ಹೊರುವ ಪಟ್ಟಿ ಸ್ಪ್ರಿಂಗಿಗೆ, ಇನ್ನೊಂದು ಉಕ್ಕಿನ ಪಟ್ಟಿ ಸೇರಿಸಿದ. ದೀಪ ಭೂಮಿಗಿಳಿಯಿತು. ನಾನು ಸೇತುವೆ ಕಟ್ಟಿದವನಂತೆ ಬೀಗಿದೆ.

ಬೀಗಿ ಮುಗಿಯುವಷ್ಟರಲ್ಲಿ ಸುಮಾಳಿಗೆ ಬೆಳ್ಳಂದೂರಿನಲ್ಲಿ ಅಂಗಡಿಯೇ ಸಿಕ್ಕಿತು; ವಾಸವೂ ಅದರ ಮೇಲಿನ ಮಹಡಿಯಲ್ಲೇ. ಟ್ರೇಲರು ಬೇರೆಯವರ ಪಾಲಾಯಿತು. ಅವಳು ಬಯಸಿದ್ದು ಅಂಗಡಿಯನ್ನೇ, ನಾನು ಹಾರೈಸಿದ್ದೂ ಅದನ್ನೇ. ಆದರೂ ನಸುಕಿಗೆ ಎಚ್ಚರವಾದಾಗ ಪಕ್ಕದ ಸೀಟಿನ ಆ ಗದರಿಕೆಗಾಗಿ ಜೀವ ಹಂಬಲಿಸುತ್ತದೆ.

ಭಾರ ಹೊರಲೆಂದು ಬಿಗಿಯಾದ ಕಮಾನು ಖಾಲಿ ಗಾಡಿಯನ್ನು ಸಹಿಸುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಈಗ ಹಾಲು ತರಲು ಹೊರಟರೂ ಪ್ರತಿ ಹಂಪಿನಲ್ಲೂ ನನ್ನ ತಲೆ ಛಾವಣಿಗೆ ನಮಸ್ಕರಿಸಿ ಬರುತ್ತದೆ. ಮೊನ್ನೆ ಸಂಜೆ ಬಾಷಾ ನೋಡಿ ಕನಿಕರಪಟ್ಟ.

"ಎಳ್ಯೋಕೇನೂ ಇಲ್ವಲ್ಲ ಸಾರ್, ಆ ಪಟ್ಟಿ ತೆಗ್ದಾಕ್ಬಿಡ್ಲಾ? ಸೊಂಟ ಹೋಗ್ಬಿಡುತ್ತೆ."

ಒಳ್ಳೆಯ ಮಾತೇ. ಹೂಂ ಎಂದೆ. ಅವನು ಗಾಡಿಯಡಿಗೆ ತೂರಿ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದೇ ತಡ, "ಬೇಡ ಬಾಷಾ, ಇರ್ಲಿ ಬಿಡು" ಅಂದುಬಿಟ್ಟೆ.

"ಯಾಕ್ ಸಾರ್, ಮೇಡಂ ಮತ್ತೆ ಇಡ್ಲಿ ಗಾಡಿ ಹಾಕ್ತಾರಾ?"

"ಇಲ್ಲಪ್ಪ."

ಅವನು ಬೋಲ್ಟನ್ನು ಮತ್ತೆ ಬಿಗಿದು ಹೊರಬಂದ. ಮನೆಗೆ ಬರುವಾಗ ಕತ್ತಲಾಗಿತ್ತು. ಓದುಗ ಮಿತ್ರರೇ, ದೀಪದ ಬೆಳಕು ಸರಿಯಾಗಿ ರಸ್ತೆಯ ಮೇಲೇ ಬಿದ್ದಿತ್ತು. ಒಂದೊಂದು ಗುಂಡಿಯೂ ನಿಚ್ಚಳವಾಗಿ ಕಾಣುತ್ತಿತ್ತು. ಹಂಪು ಬಂತು. ಹಿಂದೆ ಚೆಲ್ಲುವಂಥದ್ದೇನೂ ಇರಲಿಲ್ಲ; ಆದರೂ ನಿಧಾನ ಮಾಡಿದೆ.